ಸಾವಿರ ವರ್ಷ ಹಿಂದಿನ ‘ಹೀಗೆ ಮಾಡಿ’ ಪುಸ್ತಕ

ಮಿಕ್ಸಿ ಜಾರ್ ಸೋರಿದರೆ ಏನು ಮಾಡುವುದು, ಅಂಗಿಗೆ ಹತ್ತಿದ ಅಡಿಕೆ ಕಲೆ ತೆಗೆಯುವುದು ಹೇಗೆ, ಇನ್ವರ್ಟರ್ ಬ್ಯಾಟರಿಗೆ ನೀರು ಎಷ್ಟು ಹಾಕುವುದು ಎಂದು ನಾವು ದಿನವೂ ಮೊಬೈಲ್‌ನಲ್ಲಿ ಹುಡುಕುತ್ತೇವೆ. ಒಂದು, ಎರಡು, ಮೂರು ಎಂದು ಹಂತ ಹಂತವಾಗಿ ಯಾರೋ ಹೇಳಿಕೊಡುತ್ತಾರೆ. ಇದು ಈ ಕಾಲದ ಚಾಳಿ ಎಂದು ಹಿರಿಯರು ಗೊಣಗುವುದುಂಟು. ಆದರೆ ಕನ್ನಡದಲ್ಲಿ ಇಂಥದ್ದೇ ಒಂದು ಪುಸ್ತಕ ಸುಮಾರು ಸಾವಿರ ವರ್ಷದ ಹಿಂದೆಯೇ ಇತ್ತು. ಅದರ ಹೆಸರು ‘ಲೋಕೋಪಕಾರ’. ಬರೆದವರು ಚಾವುಂಡರಾಯ. ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಸಿದ ಚಾವುಂಡರಾಯ ಅಲ್ಲ, ಅವರು ಗಂಗರ ಮಂತ್ರಿ. ಈತ ಎರಡನೇ ಚಾವುಂಡರಾಯ, ಕಲ್ಯಾಣದ ಚಾಲುಕ್ಯರ ದೊರೆ ಎರಡನೇ ಜಯಸಿಂಹನ ಆಶ್ರಯದಲ್ಲಿದ್ದವನು. ಪುಸ್ತಕದ ಕಾಲ ಸುಮಾರು 1025.

ನಾನು ಡಿಪ್ಲೊಮಾ ಮೆಕ್ಯಾನಿಕಲ್ ಓದಿದವನು, ಸಾಹಿತ್ಯದ ವಿದ್ಯಾರ್ಥಿ ಅಲ್ಲ. ಈ ಪುಸ್ತಕದ ಬಗ್ಗೆ ಆಸಕ್ತಿ ಹುಟ್ಟಿದ್ದು ಪಂಪ್ ಕೆಲಸದ ಮೇಲೆ ಸೋಲಾಪುರ ಜಿಲ್ಲೆಗೆ ಹೋಗಿ ಬರತೊಡಗಿದ ಮೇಲೆ. ಆ ಜಿಲ್ಲೆಯ ಮಂಗಳವೇಢಾ ತಾಲೂಕಿನಲ್ಲಿ ನಂದೇಶ್ವರ ಎಂಬ ಊರಿದೆ. ಮಹಾರಾಷ್ಟ್ರ ನಿಜ, ಆದರೆ ಆ ಕಡೆ, ಅಕ್ಕಲಕೋಟೆಯ ಕಡೆಯಂತೂ ಇನ್ನೂ ಹೆಚ್ಚು, ಮನೆಯೊಳಗೆ ಕನ್ನಡ ಮಾತನಾಡುವವರು ಬೇಕಾದಷ್ಟು ಸಿಗುತ್ತಾರೆ. ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು, ಕಾಗದಪತ್ರದಲ್ಲಿ ಮತ್ತೊಂದು. ಬ್ಯಾರಿಗಳಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ನೆಲಕ್ಕೂ ಆ ಪುಸ್ತಕಕ್ಕೂ ಸಂಬಂಧ ಹತ್ತಿರದ್ದು. ಸೋಲಾಪುರದ ದಕ್ಷಿಣಕ್ಕೆ ಭೀಮಾ ಮತ್ತು ಸೀನಾ ನದಿಗಳು ಕೂಡುವ ಹತ್ತರಸಂಗ ಕುಡಲದಲ್ಲಿ 1018ರ ಮರಾಠಿ ಶಾಸನ ಇದೆ. ಅದೂ ಇದೇ ಜಯಸಿಂಹನ ಕಾಲದ್ದು. ಕಲಚೂರಿ ಬಿಜ್ಜಳ ಕಲ್ಯಾಣವನ್ನು ಹಿಡಿಯುವ ಮೊದಲು ಅವನ ನೆಲೆ ಇದ್ದದ್ದು ಮಂಗಳವಾಡದಲ್ಲಿ, ಅಂದರೆ ಇವತ್ತಿನ ಮಂಗಳವೇಢೆಯಲ್ಲಿ. ಸೊನ್ನಲಿಗೆಯ ಸಿದ್ಧರಾಮ ಹನ್ನೆರಡನೇ ಶತಮಾನದಲ್ಲಿ ಕೆರೆ ಕಟ್ಟಿಸಿದ್ದು ಸೋಲಾಪುರದಲ್ಲೇ. ಆ ಕೆರೆ ಈಗಲೂ ಊರಿನ ನಡುವೆ ಇದೆ.

ಲೋಕೋಪಕಾರದಲ್ಲಿ ಹನ್ನೆರಡು ಅಧ್ಯಾಯಗಳಿವೆ. ಜ್ಯೋತಿಷ್ಯ, ಮನೆ ಕಟ್ಟುವ ವಾಸ್ತು, ನೆಲದೊಳಗಿನ ನೀರು ಹುಡುಕುವುದು, ಗಿಡಮರಗಳ ಆರೈಕೆ, ಸುಗಂಧ ತಯಾರಿ, ಅಡುಗೆ, ಮನುಷ್ಯರ ಮದ್ದು, ವಿಷವೈದ್ಯ, ದನಕರುಗಳ ವೈದ್ಯ, ಶಕುನ ಹೀಗೆ ಸಂಸಾರಸ್ಥನಿಗೆ ಬೇಕಾದ ಎಲ್ಲವೂ ಒಂದೇ ಕಡೆ. ಎಲ್ಲ ಪದ್ಯದಲ್ಲಿದೆ. ಓಲೆಗರಿ ಎಲ್ಲರ ಕೈಗೆ ಸಿಗುವ ವಸ್ತು ಅಲ್ಲ, ಪದ್ಯವಾದರೆ ಬಾಯಿಪಾಠವಾಗುತ್ತದೆ. 1950ರಲ್ಲಿ ಮದರಾಸಿನಲ್ಲಿ ಇದು ಅಚ್ಚಾಯಿತು, 2006ರಲ್ಲಿ ಇಂಗ್ಲಿಷಿಗೂ ಅನುವಾದವಾಯಿತು.

ಇಡ್ಲಿಯ ಇತಿಹಾಸ ಮಾತನಾಡುವವರೆಲ್ಲ ಈ ಪುಸ್ತಕವನ್ನು ಹೆಸರಿಸುತ್ತಾರೆ. ಇದಕ್ಕೂ ಹಿಂದೆ, ಸುಮಾರು 920ರ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ ಎಂಬ ಹೆಸರು ಮಾತ್ರ ಬರುತ್ತದೆ. ಮಾಡುವ ಕ್ರಮ ಸಿಗುವುದು ಚಾವುಂಡರಾಯನಲ್ಲಿ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸು, ನುಣ್ಣಗೆ ಅರೆ, ಮೊಸರಿನ ತಿಳಿನೀರು ಸೇರಿಸು, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಹಾಕು. ಅಕ್ಕಿ ಇಲ್ಲ. ರಾತ್ರಿಯಿಡೀ ಹುದುಗು ಬರಿಸುವ ಮಾತಿಲ್ಲ. ಹಬೆಯಲ್ಲಿ ಬೇಯಿಸಬೇಕೆಂದೂ ಇಲ್ಲ. ಹಾಗಾದರೆ ಇದು ಇಡ್ಲಿಯೇ ಅಲ್ಲ ಎಂದು ವಾದ ಮಾಡುವವರಿದ್ದಾರೆ. ನನಗೆ ಆ ವಾದಕ್ಕಿಂತ ಬೇರೆಯೇ ಒಂದು ವಿಷಯ ಮುಖ್ಯವಾಗಿ ಕಂಡಿತು. ಉದ್ದು ಎಷ್ಟು, ಮಜ್ಜಿಗೆ ಎಷ್ಟು, ಎಷ್ಟು ಹೊತ್ತು ನೆನೆಯಬೇಕು ಎಂಬ ಅಳತೆ ಒಂದೂ ಇಲ್ಲ. ಕ್ರಮ ಇದೆ, ಪ್ರಮಾಣ ಇಲ್ಲ. ನಮ್ಮ ಉಮ್ಮನನ್ನು ಪಿಂಡಿ ಹೇಗೆ ಮಾಡುವುದೆಂದು ಕೇಳಿದರೆ ಬರುವ ಉತ್ತರವೂ ಇದೇ ಜಾತಿಯದು. “ಅಕ್ಕಿ ಅರೀಬೇಕು, ತೆಂಗಿನಕಾಯಿ ಹಾಕ್ಬೇಕು, ಉಂಡೆ ಮಾಡ್ಬೇಕು.” ಎಷ್ಟು ಎಂದರೆ, “ಸಾಕಾಗುವಷ್ಟು.”

ಇದು ಚಾವುಂಡರಾಯನ ಕೊರತೆ ಎಂದು ನಾನು ಹೇಳುವುದಿಲ್ಲ. ಅವನ ಓದುಗ ಅಡುಗೆಮನೆಯ ಹೊಗೆಯಲ್ಲೇ ಬೆಳೆದವನು. ಹಿಟ್ಟು ಎಷ್ಟು ಗಟ್ಟಿ ಇರಬೇಕೆಂದು ಕೈಗೇ ಗೊತ್ತು. ಪದ್ಯ ಅವನಿಗೆ ನೆನಪಿನ ಗಂಟು ಮಾತ್ರ, ಪಾಠ ಅಲ್ಲ.

ಅದೇ ಚಾಲುಕ್ಯ ಮನೆತನದ ಮೂರನೇ ಸೋಮೇಶ್ವರ ನೂರು ವರ್ಷದ ನಂತರ, 1129ರ ಹೊತ್ತಿಗೆ, ‘ಮಾನಸೋಲ್ಲಾಸ’ ಎಂಬ ದೊಡ್ಡ ಗ್ರಂಥ ಬರೆದ. ನೂರು ಅಧ್ಯಾಯ, ಆದರೆ ಸಂಸ್ಕೃತದಲ್ಲಿ. ರಾಜ ಹೇಗೆ ಆಳಬೇಕು ಎಂಬಲ್ಲಿಂದ ಹಿಡಿದು ಹೇಗೆ ಉಣ್ಣಬೇಕು, ಹೇಗೆ ಆಡಬೇಕು ಎಂಬವರೆಗೆ. ಅದರ ಅಡುಗೆ ಭಾಗದಲ್ಲಿ ಮೀನು ಮಾಡುವ ವಿಧಾನ ಇದೆ. ಮೀನನ್ನು ತುಂಡು ಮಾಡಿ ಚೆನ್ನಾಗಿ ತೊಳೆ, ಹುಣಸೆ ರಸದಲ್ಲಿ ಬೇಯಿಸು, ಗೋಧಿಹಿಟ್ಟು ಉದುರಿಸಿ ಕಾದ ಎಣ್ಣೆಯಲ್ಲಿ ಕೆಂಪಗೆ ಹುರಿ, ಮೇಲೆ ಸೈಂಧವ ಉಪ್ಪು, ಏಲಕ್ಕಿ, ಮೆಣಸಿನ ಪುಡಿ. ಮೀನಿಗೆ ಹುಣಸೆ ಬೀಳದಿದ್ದರೆ ಅದು ಮೀನೇ ಅಲ್ಲ ಎನ್ನುವ ನಮ್ಮ ಮನೆಗಳಲ್ಲಿ ಇದನ್ನು ಓದಿದರೆ ಯಾರಿಗಾದರೂ ಖುಷಿಯಾದೀತು, ಏಲಕ್ಕಿಯ ವಿಷಯದಲ್ಲಿ ಮಾತ್ರ ಜಗಳ ಬರಬಹುದು. ಗಾಳ ಹಾಕಿ ಮೀನು ಹಿಡಿಯುವುದಕ್ಕೇ ಒಂದು ಅಧ್ಯಾಯ ಇದೆ. ಕಡಲ ಮೀನು, ಹೊಳೆ ಮೀನು ಬೇರೆ ಬೇರೆ ಹೆಸರಿಸಿ, ಯಾವುದಕ್ಕೆ ಎಂಥ ಮೇವು ಎಂದು ಹೇಳುತ್ತಾನೆ. ಬಯಲುಸೀಮೆಯ ದೊರೆಗೆ ಇಷ್ಟು ಮೀನಿನ ವಿಚಾರ ಗೊತ್ತಿತ್ತು.

ಆದರೂ ಎರಡರಲ್ಲಿ ನನ್ನ ಮನಸ್ಸು ಒಲಿಯುವುದು ಲೋಕೋಪಕಾರಕ್ಕೆ. ಒಂದು ರಾಜನ ಊಟದ ಪಟ್ಟಿ, ಇನ್ನೊಂದು ಹೆಸರೇ ಹೇಳುವಂತೆ ಲೋಕದ ಉಪಕಾರಕ್ಕೆ, ಅದೂ ಜನ ಆಡುವ ಭಾಷೆಯಲ್ಲಿ. ಆ ಕಾಲದಲ್ಲಿ ಇಂಥ ಕೆಲಸ ಮಾಡಿದವನು ಇವನೊಬ್ಬನೇ ಅಲ್ಲ. ಹನ್ನೆರಡನೇ ಶತಮಾನದಲ್ಲಿ ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ಕನ್ನಡದಲ್ಲಿ ‘ಗೋವೈದ್ಯ’ ಬರೆದ. ರಾಜಾದಿತ್ಯ ‘ವ್ಯವಹಾರಗಣಿತ’ ಬರೆದ, ಅಂದರೆ ಕೊಡುಕೊಳ್ಳುವವರ ಲೆಕ್ಕ. ಅಂಗಡಿಯ ಗಲ್ಲಾ ಪೆಟ್ಟಿಗೆಯ ಪಕ್ಕದಲ್ಲಿ ಕುಳಿತು ಮಗ್ಗಿ ಕಲಿತ ನನ್ನಂಥವನಿಗೆ ರಾಜಾದಿತ್ಯ ಹತ್ತಿರದವನು ಅನಿಸುತ್ತದೆ.

ಈಗ ನೀರಿನ ವಿಷಯ. ಸೋಲಾಪುರದಲ್ಲಿ ವರ್ಷಕ್ಕೆ ಬೀಳುವ ಮಳೆ 550 ಮಿಲಿಮೀಟರ್ ಆಸುಪಾಸು. ನಮ್ಮ ಮಂಗಳೂರಿನಲ್ಲಿ 3,500 ದಾಟುತ್ತದೆ. ಮಂಗಳವೇಢೆಯ ಕಪ್ಪು ಮಣ್ಣು ಬಿಳಿಜೋಳಕ್ಕೆ ಹೆಸರುವಾಸಿ, ಆ ಜೋಳಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆದರೆ ತಾಲೂಕಿನ ದಕ್ಷಿಣದ ಹಳ್ಳಿಗಳು ನೀರಾವರಿಗಾಗಿ ಕೇಳುತ್ತಲೇ ದಶಕಗಳು ಕಳೆದಿವೆ. 2022ರಲ್ಲಿ ಗಡಿಯ ವಿವಾದ ಮತ್ತೆ ಎದ್ದಾಗ ಅಕ್ಕಲಕೋಟೆಯ ಕಡೆಯ ಕೆಲವು ಹಳ್ಳಿಯವರು ನೀರು, ರಸ್ತೆ ಇಲ್ಲದಿದ್ದರೆ ಕರ್ನಾಟಕಕ್ಕೇ ಸೇರುತ್ತೇವೆ ಎಂದು ದನಿ ಎತ್ತಿದ್ದನ್ನು ಪತ್ರಿಕೆಗಳಲ್ಲಿ ಓದಿರಬಹುದು. ಇಂಥ ನೆಲದಲ್ಲಿ ನೀರು ಹುಡುಕುವ ವಿದ್ಯೆಗೆ ಒಂದು ಇಡೀ ಅಧ್ಯಾಯ ಮೀಸಲಿಟ್ಟದ್ದು ಸುಮ್ಮನೆ ಅಲ್ಲ.

ಆ ವಿದ್ಯೆಯ ಮೂಲ ಇನ್ನೂ ಹಳೆಯದು. ಆರನೇ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ನೇರಳೆ ಮರದ ಪೂರ್ವಕ್ಕೆ ಹತ್ತಿರದಲ್ಲೇ ಹುತ್ತ ಇದ್ದರೆ, ಮರದ ದಕ್ಷಿಣದ ಬದಿಯಲ್ಲಿ ಎರಡು ಪುರುಷ ಆಳದಲ್ಲಿ ಸಿಹಿನೀರು ಎಂದಿದೆ. ಒಂದು ಪುರುಷ ಎಂದರೆ ಕೈ ಮೇಲೆತ್ತಿ ನಿಂತ ಮನುಷ್ಯನ ಎತ್ತರ, 120 ಅಂಗುಲ, ಹೆಚ್ಚುಕಡಿಮೆ ಏಳೂವರೆ ಅಡಿ. ಎರಡು ಪುರುಷ ಅಂದರೆ ಹದಿನೈದು ಅಡಿ. ಅಡುಗೆಯಲ್ಲಿ ಕಾಣದ ಅಳತೆ ಇಲ್ಲಿ ಬಂತು ನೋಡಿ. ಅಗೆಯುವವನಿಗೆ ಕೂಲಿ ಕೊಡಬೇಕಲ್ಲ, ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರಲೇಬೇಕು.

ಇದರಲ್ಲಿ ಹುರುಳಿದೆಯೇ? ಗೆದ್ದಲಿಗೆ ತೇವ ಬೇಕು. ಬೇಸಿಗೆಯಲ್ಲೂ ಹಸಿರಾಗಿರುವ ಮರದ ಬೇರಿಗೆ ಎಲ್ಲೋ ನೀರು ಸಿಗುತ್ತಿರಬೇಕು. ಸೋಲಾಪುರದ ಕಪ್ಪುಕಲ್ಲಿನ ನೆಲದಲ್ಲಿ ನೀರು ನಿಲ್ಲುವುದು ಮೇಲಿನ ಸವೆದ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ. ತೆರೆದ ಬಾವಿಯ ಕಾಲಕ್ಕೆ, ಹದಿನೈದು ಮೂವತ್ತು ಅಡಿಯ ಲೆಕ್ಕಕ್ಕೆ, ಮರ ಮತ್ತು ಹುತ್ತ ನೋಡುವುದು ದಡ್ಡತನ ಏನಲ್ಲ. ಬೋರ್‌ವೆಲ್ ನೂರಾರು ಅಡಿ ಇಳಿಯುವ ಈಗ ಆ ಗುರುತು ಕೆಲಸಕ್ಕೆ ಬಾರದು. ನಂದೇಶ್ವರದ ಕಡೆ ಹೊಲದಲ್ಲಿ ಪಂಪ್ ಇಳಿಸುವಾಗ, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ತೋರಿಸುವವರ ಬಗ್ಗೆ ಒಬ್ಬ ಮುತ್ಯಾ ಅವರನ್ನು ಕೇಳಿದ್ದೆ. ಅವರು ನಕ್ಕು, “ಎಲ್ಲಾರೂ ಹೇಳ್ತಾರ್ರೀ ಸಾಹೇಬ್ರ. ಕೊರದ ಮ್ಯಾಲ ನೀರು ಬಂದ್ರ ಖರೇ, ಬರ್ಲಿಲ್ಲಂದ್ರ ಸಾಲ ಖರೇ” ಎಂದರು.

ವಿಷವೈದ್ಯದ ಅಧ್ಯಾಯವನ್ನಂತೂ ಬರೀ ಇತಿಹಾಸ ಎಂದು ಓದಬೇಕು. ಹಾವು ಕಚ್ಚಿದರೆ ಬೇರು, ಮಂತ್ರ, ಕಟ್ಟು ಬಿಗಿಯುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡಿಸದೆ ನೇರ ಆಸ್ಪತ್ರೆಗೆ, ವಿಷನಿರೋಧಕ ಚುಚ್ಚುಮದ್ದಿಗೆ. ತೋಟದ ಕೆಲಸ ಇರುವ ಮನೆಗಳಲ್ಲಿ ಇದು ಗೊತ್ತಿರಲಿ.

ಯಂತ್ರದ ಕಡೆಯ ಒಂದು ಹೆಸರನ್ನು ಇಲ್ಲಿ ಹೇಳದಿದ್ದರೆ ನನ್ನ ಡಿಪ್ಲೊಮಾಕ್ಕೆ ಮರ್ಯಾದೆ ಇಲ್ಲ. ಈಗಿನ ತುರ್ಕಿಯ ದಿಯಾರ್‌ಬಕಿರ್‌ನ ಆಸ್ಥಾನದಲ್ಲಿದ್ದ ಅಲ್ ಜಝರಿ 1206ರಲ್ಲಿ ಅರಬಿಯಲ್ಲಿ ಒಂದು ಪುಸ್ತಕ ಮುಗಿಸಿದ. ಐವತ್ತು ಯಂತ್ರಗಳು, ಪ್ರತಿಯೊಂದಕ್ಕೂ ಚಿತ್ರ, ಭಾಗಗಳ ಅಳತೆ, ಜೋಡಿಸುವ ಕ್ರಮ. ಅದರಲ್ಲಿ ಎರಡು ಸಿಲಿಂಡರಿನ, ಹೀರು ಕೊಳವೆ ಇರುವ ನೀರೆತ್ತುವ ಪಂಪ್ ಕೂಡ ಇದೆ. ಮಾಡಿ ನೋಡದ ವಿದ್ಯೆಯನ್ನು ಆತ ಪೂರ್ತಿ ನಂಬುತ್ತಿರಲಿಲ್ಲ. ಬೇರೆ ಊರಿನ ಕುಶಲಕರ್ಮಿ ಓದಿ ಹಾಗೇ ಮಾಡಬಹುದಾದಷ್ಟು ವಿವರ ಕೊಟ್ಟಿದ್ದಾನೆ. ನಾನು ಇವತ್ತು ಓದುವ ಸರ್ವಿಸ್ ಮ್ಯಾನ್ಯುಯಲ್‌ಗಳಲ್ಲಿ ಕೆಲವಕ್ಕೆ ಆ ಯೋಗ್ಯತೆ ಇಲ್ಲ.

ಅಳತೆ ಯಾವಾಗ ಬರುತ್ತದೆ ಎಂಬ ಪ್ರಶ್ನೆಗೆ ನಮ್ಮ ಮಂಗಳೂರಿನಲ್ಲೇ ಉತ್ತರ ಇದೆ. ಸೋಮೇಶ್ವರ ಮಾನಸೋಲ್ಲಾಸ ಬರೆದ ಮೂರ್ನಾಲ್ಕು ವರ್ಷಕ್ಕೆ, 1132ರ ಸುಮಾರಿಗೆ, ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿದ್ದ. ಮೂಲ ಟುನೀಸಿಯಾ, ಏಡನ್ ಮೂಲಕ ಬಂದವನು. 1149ರಲ್ಲಿ ಹಿಂದಿರುಗುವವರೆಗೆ ಹೆಚ್ಚು ಕಾಲ ನಮ್ಮ ಈ ಕರಾವಳಿಯಲ್ಲೇ ಕಳೆದ. ಅವನ ಕಂಚಿನ ಕಾರ್ಖಾನೆ ಇತ್ತು. ಏಡನ್‌ನ ವ್ಯಾಪಾರಿಗಳು ಅವನಿಗೆ ಬರೆದ ಪತ್ರಗಳು ಕೈರೋದ ಹಳೆಯ ಸಿನಗಾಗ್‌ನ ಕೋಣೆಯಲ್ಲಿ ಸಿಕ್ಕವು. ಅಮಿತಾವ್ ಘೋಷ್ 1992ರಲ್ಲಿ ಈ ಕಥೆಯನ್ನೇ ಪುಸ್ತಕ ಮಾಡಿದರು. ಒಡೆದ ಹಳೆಯ ಪಾತ್ರೆ ಕಳುಹಿಸಿ, ಇದರಿಂದ ಇಂಥ ಆಕಾರದ, ಇಷ್ಟು ತೂಕದ ಹೊಸ ಸಾಮಾನು ಮಾಡಿಸಿ ಕೊಡು ಎಂದು ಆ ಪತ್ರಗಳಲ್ಲಿ ಕೇಳಿದ್ದಾರೆ. ಮಾಡಿಸುವವನು ಏಡನ್‌ನಲ್ಲಿ, ಮಾಡುವವನು ಮಂಗಳೂರಿನಲ್ಲಿ, ನಡುವೆ ಅರಬಿ ಸಮುದ್ರ. ‘ಸಾಕಾಗುವಷ್ಟು’ ಎಂದರೆ ನಡೆಯುವುದಿಲ್ಲ.

ಹೇಳುವವರೂ ಕೇಳುವವರೂ ಒಂದೇ ಸೂರಿನಡಿ ಇರುವಷ್ಟು ದಿನ ಅಳತೆ ಬೇಡ. ನಡುವೆ ಸಮುದ್ರ ಬಂದಾಗ ಬೇಕು. ನಮ್ಮ ಸಮುದಾಯದಲ್ಲಿ ಈಗ ಆಗಿರುವುದು ಅದೇ. ಮಗಳು ಜುಬೈಲ್‌ನಲ್ಲಿ, ಮಗ ದುಬೈಯಲ್ಲಿ, ಉಮ್ಮ ಊರಿನಲ್ಲಿ. ವಾಟ್ಸಾಪ್ ವಾಯ್ಸ್ ಮೆಸೇಜಿನಲ್ಲಿ ಪಿಂಡಿ ಪಾಠ ನಡೆಯುತ್ತದೆ, ಫೋನ್ ಬದಲಾಯಿಸಿದಾಗ ಅಳಿಸಿ ಹೋಗುತ್ತದೆ. ಬ್ಯಾರಿ ಸಾಹಿತ್ಯ ಅಕಾಡೆಮಿ 2007ರಲ್ಲಿ ಬಂದ ಮೇಲೆ ಕವನ, ಕಥೆ, ಹಾಡು ಅಚ್ಚಿಗೆ ಬರುತ್ತಿವೆ, ಒಳ್ಳೆಯದೇ. ಕೆಲಸದ ಮಾತುಗಳು ಮಾತ್ರ ಇನ್ನೂ ಬಾಯಲ್ಲೇ ಉಳಿದಿವೆ. ಅಡಿಕೆ ಒಣಗಿತೆಂದು ಅಲುಗಾಡಿಸಿ ಸದ್ದು ಕೇಳಿ ಹೇಳುವುದು, ಒಣಮೀನು ಮಳೆಗಾಲಕ್ಕೆ ಕೆಡದಂತೆ ಕಟ್ಟಿಡುವುದು ಇಂಥವು.

ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಸುರಂಗಗಳನ್ನೇ ನೋಡಿ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು, ಒಬ್ಬ ಮನುಷ್ಯ ನುಗ್ಗುವಷ್ಟು ದಾರಿ ಮಾಡಿ, ನೀರು ತಾನಾಗಿ ಹರಿದು ಬರುವಂತೆ ಮಾಡುವ ವಿದ್ಯೆ. ಕರೆಂಟು ಬೇಡ, ಪಂಪ್ ಬೇಡ. ಒಳಗೆ ಹೋಗುವಾಗ ಉರಿಯುವ ಮೊಂಬತ್ತಿ ಒಯ್ಯುತ್ತಾರೆ. ದೀಪ ಮಂಕಾದರೆ ಗಾಳಿ ಸಾಲದು, ಹೊರಗೆ ಬರಬೇಕು. ಮಣ್ಣಿನ ತೇವ, ಕಲ್ಲಿನ ಬಣ್ಣ ನೋಡಿ ಎಡಕ್ಕೆ ತಿರುಗಬೇಕೋ ಬಲಕ್ಕೋ ಎಂದು ನಿರ್ಧರಿಸುತ್ತಾರೆ. ಬೋರ್‌ವೆಲ್ ಬಂದ ಮೇಲೆ ಈ ಕೆಲಸ ಬಲ್ಲವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಅವರ ಲೋಕೋಪಕಾರ ಬರೆಯಲು ಚಾವುಂಡರಾಯ ಯಾರೂ ಬರಲಿಲ್ಲ.

ಕಳೆದ ರಂಜಾನಿನಲ್ಲಿ ನಾನು ಅಂಗಡಿಯ ಡಿಜಿಟಲ್ ತಕ್ಕಡಿಯನ್ನು ಮನೆಗೆ ತಂದು ಉಮ್ಮನ ಪಕ್ಕ ಇಟ್ಟೆ. ಅವರು ಕೈಯಲ್ಲಿ ಎತ್ತಿದ ಪ್ರತಿಯೊಂದನ್ನೂ ತಟ್ಟೆಗೆ ಹಾಕುವ ಮೊದಲು ತೂಗಿ ಬರೆದೆ. ಕುಚ್ಚಲಕ್ಕಿ 1 ಕಿಲೋ, ತುರಿದ ತೆಂಗಿನಕಾಯಿ 310 ಗ್ರಾಂ, ಸಣ್ಣ ಈರುಳ್ಳಿ 85, ಜೀರಿಗೆ 6. ಉಂಡೆ ಒಂದಕ್ಕೆ 4 ಗ್ರಾಂ, ಹತ್ತು ಉಂಡೆ ತೂಗಿದರೂ ಅರ್ಧ ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ. ಉಪ್ಪಿನ ಸರದಿ ಬಂದಾಗ ಉಮ್ಮ ತಕ್ಕಡಿಯನ್ನು ಬದಿಗೆ ತಳ್ಳಿದರು. ಹಾಗಾಗಿ ನನ್ನ ಪುಸ್ತಕದಲ್ಲಿ ಉಪ್ಪಿನ ಎದುರು ಇನ್ನೂ ‘ಸಾಕಾಗುವಷ್ಟು’ ಎಂದೇ ಇದೆ.