ವೇಲ್ಸ್ ನಾಡಿನ ನುಡಿವಾಹಿನಿ: ಗಳಿಕೆ ಮತ್ತು ಉಳಿಕೆ

ನಾಡಿಗಾಗಿ, ನುಡಿಗಾಗಿ ಅನ್ನ ತೊರೆದವರನ್ನು ನಮ್ಮ ದೇಶ ಬಲ್ಲದು. ಆಂಧ್ರ ರಾಜ್ಯಕ್ಕಾಗಿ ಉಪವಾಸ ಕೈಕೊಂಡ ಪೊಟ್ಟಿ ಶ್ರೀರಾಮುಲು ಅವರು 1952ರ ಡಿಸೆಂಬರ್ 15ರಂದು ಮದರಾಸಿನಲ್ಲಿ ಪ್ರಾಣವನ್ನೇ ತೆತ್ತರು. ಮರುವರ್ಷ ಅದರಗುಂಚಿಯ ಶಂಕರಗೌಡರು ಕರ್ನಾಟಕದ ಏಕೀಕರಣಕ್ಕಾಗಿ ಉಪವಾಸ ಕುಳಿತಾಗ ಹುಬ್ಬಳ್ಳಿಯ ಸೀಮೆಯೆಲ್ಲ ತಲ್ಲಣಿಸಿದ ಸಂಗತಿಯನ್ನು ಹಿರಿಯರ ಬಾಯಿಂದ ನಾವು ಕೇಳಿದ್ದೇವೆ. ಆದರೆ ಒಂದು ದೂರದರ್ಶನ ವಾಹಿನಿಗಾಗಿ ಪ್ರಾಯೋಪವೇಶಕ್ಕೆ ಸಿದ್ಧರಾದ ಮಹನೀಯರೊಬ್ಬರ ಕಥೆ ನಮ್ಮಲ್ಲಿ ಹೆಚ್ಚು ಮಂದಿಗೆ ತಿಳಿದಿರಲಾರದು. ದೂರದರ್ಶನವೆಂಬುದು ಹೊತ್ತು ಕಳೆಯುವ ಪೆಟ್ಟಿಗೆಯಲ್ಲವೆ, ಅದಕ್ಕಾಗಿ ಉಪವಾಸವೇ ಎಂದು ವಾಚಕರು ಹುಬ್ಬೇರಿಸಬಹುದು. ಆ ಸಂದೇಹಕ್ಕೆ ಇತಿಹಾಸವೇ ಸಮಾಧಾನ ಹೇಳಬಲ್ಲದು.

ಬ್ರಿಟನ್ ದ್ವೀಪದ ಪಶ್ಚಿಮ ಭಾಗದಲ್ಲಿ ವೇಲ್ಸ್ ಎಂಬ ಚಿಕ್ಕ ನಾಡಿದೆ. ಇಂದಿಗೂ ಅದರ ಜನಸಂಖ್ಯೆ ಮೂವತ್ತೊಂದು ಲಕ್ಷದಷ್ಟು ಮಾತ್ರ. ಅಲ್ಲಿಯ ವೆಲ್ಷ್ ಭಾಷೆ ಇಂಗ್ಲಿಷಿನ ಉಪಭಾಷೆಯಲ್ಲ. ಅದು ಕೆಲ್ಟಿಕ್ ಬಳಗಕ್ಕೆ ಸೇರಿದ, ಸಾವಿರ ವರ್ಷಕ್ಕೂ ಮೀರಿದ ಕಾವ್ಯಪರಂಪರೆಯುಳ್ಳ ಸ್ವತಂತ್ರ ನುಡಿ. 1901ರ ಜನಗಣತಿಯಲ್ಲಿ ಆ ನಾಡಿನ ಹೆಚ್ಚುಕಡಿಮೆ ಅರ್ಧದಷ್ಟು ಜನ ಈ ಭಾಷೆಯನ್ನು ಬಲ್ಲವರಾಗಿದ್ದರು. 1961ರ ಹೊತ್ತಿಗೆ ಅದು ನೂರಕ್ಕೆ 26ಕ್ಕೆ ಇಳಿಯಿತು. 1981ರಲ್ಲಿ ನೂರಕ್ಕೆ 19ರ ಆಸುಪಾಸಿಗೆ ಬಂದು ನಿಂತಿತು. ಕಲ್ಲಿದ್ದಲ ಗಣಿಗಳಿಗೆ ಹೊರಗಿನಿಂದ ಬಂದ ಜನ, ಇಂಗ್ಲಿಷಿನಲ್ಲೇ ನಡೆದ ಶಾಲೆ, ಹೊಟ್ಟೆಪಾಡಿಗಾಗಿ ಊರು ಬಿಟ್ಟ ತರುಣರು, ಇವೆಲ್ಲ ಆ ಇಳಿತಕ್ಕೆ ಕಾರಣಗಳಾದವು. ಇವುಗಳ ಸಾಲಿಗೆ ಇಪ್ಪತ್ತನೆಯ ಶತಮಾನದ ನಡುವೆ ಇನ್ನೊಂದು ಕಾರಣ ಬಂದು ಸೇರಿತು. ಅದು ಮನೆಯ ಒಲೆಯ ಬಳಿಯಲ್ಲೇ ಬಂದು ಕುಳಿತ ದೂರದರ್ಶನ. ಶಾಲೆಯಲ್ಲಿ ಇಂಗ್ಲಿಷ್ ಕಲಿತ ಮಗು ಮನೆಗೆ ಬಂದು ತಾಯಿಯೊಡನೆ ವೆಲ್ಷ್ ಆಡುತ್ತಿತ್ತು. ಈಗ ಮನೆಯೊಳಗೂ ಸಂಜೆಯ ಹೊತ್ತು ಇಂಗ್ಲಿಷಿನ ಪಾಲಾಯಿತು.

1962ರ ಫೆಬ್ರವರಿ 13ರಂದು ಸಾಂಡರ್ಸ್ ಲೂಯಿಸ್ ಎಂಬ ಹಿರಿಯ ಸಾಹಿತಿ ಬಾನುಲಿಯಲ್ಲಿ ಒಂದು ಉಪನ್ಯಾಸ ನೀಡಿದರು. 'ಭಾಷೆಯ ಭವಿತವ್ಯ' ಎಂಬುದು ಅದರ ವಿಷಯ. ಹೀಗೆಯೇ ನಡೆದರೆ ಇಪ್ಪತ್ತೊಂದನೆಯ ಶತಮಾನದ ಆರಂಭದ ಹೊತ್ತಿಗೆ ವೆಲ್ಷ್ ಜೀವಂತ ಭಾಷೆಯಾಗಿ ಉಳಿಯಲಾರದೆಂದು ಅವರು ಎಚ್ಚರಿಸಿದರು. ಆ ಮಾತು ತರುಣರ ಎದೆಗೆ ನಾಟಿತು. ಅದೇ ವರ್ಷ ವೆಲ್ಷ್ ಭಾಷಾ ಸಂಘ ಹುಟ್ಟಿಕೊಂಡಿತು. ಅದೇ 1962ರಲ್ಲಿಯೇ ಪಶ್ಚಿಮ ಮತ್ತು ಉತ್ತರ ವೇಲ್ಸಿಗಾಗಿ 'ತೆಲೆದು ಕಮ್ರಿ' ಎಂಬ ಖಾಸಗಿ ದೂರದರ್ಶನ ಸಂಸ್ಥೆಯೊಂದು ಉತ್ಸಾಹದಿಂದ ಆರಂಭವಾಯಿತು. ಆದರೆ ಜಾಹೀರಾತಿನ ಹಣವನ್ನೇ ನಂಬಿದ ಆ ಸಂಸ್ಥೆಗೆ ಚದುರಿದ ಹಳ್ಳಿಗಳ ಅಲ್ಪಸಂಖ್ಯೆಯ ನೋಡುಗರು ಸಾಕಾಗಲಿಲ್ಲ. ಒಂದೇ ವರ್ಷದೊಳಗೆ ಅದು ಸೋತು, ನೆರೆಯ ದೊಡ್ಡ ಕಂಪನಿಯ ಒಡಲನ್ನು ಸೇರಿತು. ಚಿಕ್ಕ ಜನಸಮುದಾಯದ ಭಾಷೆಗೆ ಪೇಟೆಯ ಲೆಕ್ಕಾಚಾರವೊಂದೇ ಆಸರೆಯಾಗಲಾರದೆಂಬ ಪಾಠ ಅಂದೇ ಸ್ಪಷ್ಟವಾಯಿತು. ಸಾರ್ವಜನಿಕ ಹಣದಿಂದ ನಡೆಯುವ ವಾಹಿನಿಯೇ ಬೇಕೆಂಬ ಬೇಡಿಕೆಯ ಮೂಲ ಇಲ್ಲಿದೆ.

ಆಗ ವೆಲ್ಷ್ ಕಾರ್ಯಕ್ರಮಗಳು ಇರಲೇ ಇಲ್ಲವೆಂದಲ್ಲ. ಇಂಗ್ಲಿಷ್ ವಾಹಿನಿಗಳ ನಡುನಡುವೆ ಕೆಲವು ಗಂಟೆಗಳನ್ನು ಅವಕ್ಕೆ ಕೊಡಲಾಗುತ್ತಿತ್ತು. ಇದರಿಂದ ಯಾರಿಗೂ ತೃಪ್ತಿಯಾಗಲಿಲ್ಲ. ವೆಲ್ಷ್ ಆಡುವವರಿಗೆ ಅದು ಭಿಕ್ಷೆಯಂತೆ ತೋರಿತು. ವೆಲ್ಷ್ ಬಾರದವರಿಗೆ ತಮ್ಮ ಮೆಚ್ಚಿನ ಕಾರ್ಯಕ್ರಮದ ಹೊತ್ತನ್ನು ಕಸಿದಂತೆ ಅನಿಸಿತು. ಎಷ್ಟೋ ಮನೆಯವರು ಮಾಡಿನ ಮೇಲಿನ ಆಂಟೆನಾವನ್ನು ಇಂಗ್ಲೆಂಡಿನ ಪ್ರಸಾರ ಗೋಪುರಗಳ ಕಡೆಗೆ ತಿರುಗಿಸಿಕೊಂಡರು. ವೆಲ್ಷ್ ಕಾರ್ಯಕ್ರಮಗಳನ್ನೆಲ್ಲ ಒಂದೇ ವಾಹಿನಿಗೆ ತಂದರೆ ಇಬ್ಬರಿಗೂ ನೆಮ್ಮದಿಯೆಂದು ತಿಳಿದವರು ಸೂಚಿಸಿದರು. ಬ್ರಿಟನ್ನಿನಲ್ಲಿ ಆಗ ಮೂರು ವಾಹಿನಿಗಳಿದ್ದು, ನಾಲ್ಕನೆಯದು ಬರುವುದರಲ್ಲಿತ್ತು. ವೇಲ್ಸಿನ ಮಟ್ಟಿಗೆ ಆ ನಾಲ್ಕನೆಯದನ್ನು ವೆಲ್ಷಿಗೆ ಮೀಸಲಿಡಬೇಕೆಂದು ಸರಕಾರವೇ ನೇಮಿಸಿದ ಕ್ರಾಫರ್ಡ್ ಸಮಿತಿ 1974ರಲ್ಲಿ ಶಿಫಾರಸು ಮಾಡಿತು. 1977ರಲ್ಲಿ ಅನ್ನಾನ್ ಸಮಿತಿ ಅದನ್ನು ಅನುಮೋದಿಸಿತು. 1979ರ ಚುನಾವಣೆಗೆ ಮುನ್ನ ಎರಡೂ ದೊಡ್ಡ ಪಕ್ಷಗಳು ಇದಕ್ಕೆ ಒಪ್ಪಿದ್ದವು.

ಆದರೆ ಗೆದ್ದು ಬಂದ ಸರಕಾರ ಆ ಮಾತಿಗೆ ನಿಲ್ಲಲಿಲ್ಲ. 1979ರ ಸೆಪ್ಟೆಂಬರಿನಲ್ಲಿ ಗೃಹಮಂತ್ರಿ ವಿಲಿಯಂ ವೈಟ್‌ಲಾ ಅವರು, ಪ್ರತ್ಯೇಕ ವಾಹಿನಿಯಿಲ್ಲ, ವೆಲ್ಷ್ ಕಾರ್ಯಕ್ರಮಗಳನ್ನು ಎರಡು ವಾಹಿನಿಗಳಲ್ಲಿ ಹಂಚಿ ತೋರಿಸಲಾಗುವುದೆಂದು ಸಾರಿದರು. ವೇಲ್ಸಿನ ಮನಸ್ಸು ಆಗಲೇ ಕುಗ್ಗಿತ್ತು. ಅದೇ ವರ್ಷದ ಮಾರ್ಚ್ 1ರ ಜನಮತಗಣನೆಯಲ್ಲಿ, ವೇಲ್ಸಿಗೆ ತನ್ನದೇ ಆದ ಪ್ರತಿನಿಧಿಸಭೆ ಬೇಕೆ ಎಂಬ ಪ್ರಶ್ನೆಗೆ ಮತ ನೀಡಿದವರಲ್ಲಿ ಐವರಲ್ಲಿ ನಾಲ್ವರು ಬೇಡವೆಂದಿದ್ದರು. ಇಂಥ ಜನ ಒಂದು ವಾಹಿನಿಗಾಗಿ ಸಿಡಿದೇಳಲಾರರೆಂದು ಲಂಡನ್ನಿನ ಅಧಿಕಾರಸ್ಥರು ಎಣಿಸಿದ್ದರೆ ಆಶ್ಚರ್ಯವಿಲ್ಲ. ಆ ಎಣಿಕೆ ತಪ್ಪಾಯಿತು. ಸಾವಿರಾರು ಜನ ದೂರದರ್ಶನದ ಲೈಸನ್ಸ್ ಹಣವನ್ನು ಕಟ್ಟುವುದಿಲ್ಲವೆಂದು ಪಣತೊಟ್ಟರು. ಮೂವರು ಗೌರವಾನ್ವಿತ ವಿದ್ವಾಂಸರು ಪ್ರಸಾರ ಕೇಂದ್ರವೊಂದನ್ನು ಹೊಕ್ಕು ಯಂತ್ರವನ್ನು ನಿಲ್ಲಿಸಿ, ತಾವೇ ನಿಂತು ಬಂಧನಕ್ಕೊಳಗಾದರು.

ಈ ಸಂದರ್ಭದಲ್ಲಿ ಮುಂದೆ ಬಂದವರು ಗ್ವಿನ್‌ಫೋರ್ ಇವಾನ್ಸ್. ಅವರು ತೋಟಗಾರಿಕೆಯಿಂದ ಜೀವನ ಸಾಗಿಸಿದವರು. ಎರಡನೆಯ ಮಹಾಯುದ್ಧದಲ್ಲಿ ಆಯುಧ ಹಿಡಿಯಲು ಒಲ್ಲೆನೆಂದ ಶಾಂತಿವಾದಿ. ನಮ್ಮ ಗಾಂಧೀಜಿಯವರ ಮಾರ್ಗದಲ್ಲಿ ಶ್ರದ್ಧೆಯುಳ್ಳವರು. 1966ರಲ್ಲಿ ಕಾರ್ಮಾರ್ಥೆನ್ ಕ್ಷೇತ್ರದಿಂದ ಗೆದ್ದು, ಪ್ಲೈಡ್ ಕಮ್ರಿ ಪಕ್ಷದ ಮೊದಲ ಲೋಕಸಭಾ ಸದಸ್ಯರಾಗಿ ಲಂಡನ್ನಿಗೆ ಹೋದವರು. ಅರುವತ್ತೇಳು ವರ್ಷ ವಯಸ್ಸಿನ ಅವರು 1980ರ ಮೇ ತಿಂಗಳಿನಲ್ಲಿ ತಮ್ಮ ನಿಶ್ಚಯವನ್ನು ಪ್ರಕಟಿಸಿದರು. ಸರಕಾರ ಕೊಟ್ಟ ಮಾತನ್ನು ಉಳಿಸಿಕೊಳ್ಳದಿದ್ದರೆ ಅಕ್ಟೋಬರ್ 6ರಿಂದ ಸಾಯುವವರೆಗೂ ಉಪವಾಸ ಮಾಡುವುದೆಂಬುದೇ ಆ ನಿಶ್ಚಯ. ಅವರದು ಕೋಪದ ಮಾತಾಗಿರಲಿಲ್ಲ. ಬೇಸಗೆಯುದ್ದಕ್ಕೂ ಊರೂರು ತಿರುಗಿ ಶಾಂತವಾಗಿ ಕಾರಣ ಹೇಳಿದರು. ವೇಲ್ಸಿನ ಆರ್ಚ್‌ಬಿಷಪ್ಪರೂ ಮತ್ತಿಬ್ಬರು ಹಿರಿಯರೂ ಲಂಡನ್ನಿಗೆ ಹೋಗಿ ಮಂತ್ರಿಗಳಿಗೆ ಪರಿಸ್ಥಿತಿಯನ್ನು ತಿಳಿಹೇಳಿದರು. ಸೆಪ್ಟೆಂಬರ್ 17ರಂದು ಸರಕಾರ ತನ್ನ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಉಪವಾಸ ಆರಂಭವಾಗುವ ಅಗತ್ಯವೇ ಬೀಳಲಿಲ್ಲ.

ಹೀಗೆ 1982ರ ನವೆಂಬರ್ 1ರಂದು, ಅಂದರೆ ನಾವು ರಾಜ್ಯೋತ್ಸವ ಆಚರಿಸುವ ದಿನದಂದೇ, 'ಶಾನೆಲ್ ಪೆಡ್ವಾರ್ ಕಮ್ರಿ' ಎಂಬ ವಾಹಿನಿ ಉದಯಿಸಿತು. ವೇಲ್ಸಿನ ನಾಲ್ಕನೆಯ ವಾಹಿನಿಯೆಂದು ಆ ಹೆಸರಿನ ಅರ್ಥ. ಚಿಕ್ಕದಾಗಿ ಎಸ್‌ಫೋರ್‌ಸಿ ಎನ್ನುತ್ತಾರೆ. ವಾರಕ್ಕೆ ಸುಮಾರು 22 ಗಂಟೆ ವೆಲ್ಷ್ ಕಾರ್ಯಕ್ರಮ, ಅದೂ ಜನ ಮನೆಯಲ್ಲಿರುವ ಸಂಜೆಯ ಹೊತ್ತಿನಲ್ಲಿ. ಉಳಿದ ಹೊತ್ತು ಇಂಗ್ಲಿಷ್ ಕಾರ್ಯಕ್ರಮಗಳು. ಬಿ.ಬಿ.ಸಿ. ವಾರಕ್ಕೆ ಹತ್ತು ಗಂಟೆಯಷ್ಟನ್ನು ಒದಗಿಸುತ್ತಿತ್ತು. ಉಳಿದವನ್ನು ವಾಣಿಜ್ಯ ದೂರದರ್ಶನದವರೂ ಹೊಸದಾಗಿ ಹುಟ್ಟಿದ ಚಿಕ್ಕ ನಿರ್ಮಾಪಕರೂ ತಯಾರಿಸುತ್ತಿದ್ದರು. ಮೂರು ವರ್ಷದ ಪ್ರಯೋಗವೆಂದು ಆರಂಭವಾದ ಈ ಏರ್ಪಾಡು 1985ರ ಪರಿಶೀಲನೆಯಲ್ಲಿ ಉತ್ತೀರ್ಣವಾಯಿತು.

ಫಲವೂ ದೊರೆಯಿತು. ಮಕ್ಕಳಿಗಾಗಿ ರಚಿಸಿದ 'ಸೂಪರ್‌ಟೆಡ್' ಎಂಬ ಕರಡಿಮರಿಯ ಚಿತ್ರಮಾಲೆ ವೆಲ್ಷಿನಲ್ಲಿ ಮೊದಲು ತೋರಿ, ಅಮೆರಿಕೆಯವರೆಗೂ ಹೋಯಿತು. ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಕುರುಬಕವಿಯೊಬ್ಬನ ಬಾಳನ್ನು ಕುರಿತ 'ಹೆಥ್ ವಿನ್' ಚಲನಚಿತ್ರ 1994ರಲ್ಲಿ ಪರಭಾಷಾ ಚಿತ್ರಗಳ ಆಸ್ಕರ್ ಪ್ರಶಸ್ತಿಗೆ ನಾಮಕರಣಗೊಂಡಿತು. ವೆಲ್ಷ್ ಚಿತ್ರಕ್ಕೆ ಆ ಗೌರವ ಸಂದುದು ಅದೇ ಮೊದಲು. ಇವುಗಳಿಗಿಂತ ಮುಖ್ಯವಾದುದು ಇನ್ನೊಂದು. ಕ್ಯಾಮರಾ ಹಿಡಿಯುವವನು, ಬಡಗಿ, ಬಟ್ಟೆ ಹೊಲಿಯುವವಳು, ಸಂಭಾಷಣೆ ಬರೆಯುವವನು ಹೀಗೆ ಅನೇಕರಿಗೆ ತಾಯ್ನುಡಿಯಲ್ಲೇ ಅನ್ನ ಹುಟ್ಟಿತು. ಕವಿತೆಯ ಭಾಷೆಯಾಗಿದ್ದದ್ದು ಕಸುಬಿನ ಭಾಷೆಯೂ ಆಯಿತು.

ವಾಚಕರೇ, ಕಥೆ ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುವ ಪ್ರಯೋಜನ ಅಷ್ಟಿರಲಿಲ್ಲ. ಗಳಿಸುವ ಕಾಲದಲ್ಲಿ ಶತ್ರು ಎದುರಿಗೆ ನಿಂತಿರುತ್ತಾನೆ. ಉಳಿಸಿಕೊಳ್ಳುವ ಕಾಲದಲ್ಲಿ ಅವನು ಕಣ್ಣಿಗೇ ಬೀಳುವುದಿಲ್ಲ. ಈ ವಾಹಿನಿಯನ್ನು ಕಾಡಿದ, ಇನ್ನೂ ಕಾಡುತ್ತಿರುವ ಕಷ್ಟಗಳು ಮೂರು.

ಮೊದಲನೆಯದು ಹಣದ ಚೀಲ ಯಾರ ಕೈಯಲ್ಲಿದೆ ಎಂಬುದು. ಆರಂಭದಲ್ಲಿ ವಾಣಿಜ್ಯ ದೂರದರ್ಶನದ ಕಂಪನಿಗಳು ತೆತ್ತ ವಂತಿಗೆಯಿಂದ ಇದು ನಡೆಯಿತು. 1990ರ ಕಾಯಿದೆಯ ತರುವಾಯ ಸರಕಾರದ ಬೊಕ್ಕಸದಿಂದ ನೇರವಾಗಿ ಅನುದಾನ ದೊರೆಯತೊಡಗಿತು. ಬೆಲೆಯೇರಿಕೆಗೆ ತಕ್ಕಂತೆ ಅದನ್ನು ಹೆಚ್ಚಿಸುವ ಏರ್ಪಾಡೂ ಇತ್ತು. 2010ರಲ್ಲಿ ಆ ಅನುದಾನ ಸುಮಾರು 10 ಕೋಟಿ ಪೌಂಡುಗಳಷ್ಟಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಸರಕಾರ ವೆಚ್ಚ ಕಡಿತಕ್ಕೆ ಕೈಹಾಕಿದಾಗ, ನಾಲ್ಕು ವರ್ಷಗಳಲ್ಲಿ ವಾಹಿನಿಯ ಹಣದ ಸುಮಾರು ನಾಲ್ಕನೆಯ ಒಂದು ಪಾಲನ್ನು ತೆಗೆಯುವುದೆಂದೂ, 2013ರಿಂದ ಅದರ ಬಹುಭಾಗದ ಹೊರೆಯನ್ನು ಬಿ.ಬಿ.ಸಿ. ಸಂಗ್ರಹಿಸುವ ಲೈಸನ್ಸ್ ಹಣದ ಮೇಲೆ ಹೊರಿಸುವುದೆಂದೂ ನಿರ್ಧರಿಸಲಾಯಿತು. ವಾಹಿನಿಯವರನ್ನು ಸರಿಯಾಗಿ ಕೇಳದೆಯೇ ಇದು ನಡೆಯಿತೆಂಬ ದೂರು ಬಲವಾಗಿ ಕೇಳಿಬಂತು. 2022ರಿಂದ ಸಾರ್ವಜನಿಕ ಹಣವೆಲ್ಲ ಆ ಮೂಲದಿಂದಲೇ ಬರುತ್ತಿದೆ. ವರ್ಷಕ್ಕೆ 8 ಕೋಟಿ 88 ಲಕ್ಷ ಪೌಂಡುಗಳೆಂದು ಅದು ನಿಗದಿಯಾಯಿತು. ಹನ್ನೆರಡು ವರ್ಷಗಳಲ್ಲಿ ಎಲ್ಲದರ ಬೆಲೆ ಏರಿದ್ದರೂ ಮೊತ್ತ ಇಳಿದುದನ್ನು ಗಮನಿಸಬೇಕು. ಬಿ.ಬಿ.ಸಿ.ಯ ಈಗಿನ ಸನ್ನದಿನ ಅವಧಿ 2027ರ ಕೊನೆಯವರೆಗೆ ಮಾತ್ರ. ಲೈಸನ್ಸ್ ಪದ್ಧತಿ ಬದಲಾದರೆ ಅದಕ್ಕೆ ಕಟ್ಟಿದ ಈ ಕರುವಿನ ಗತಿಯೂ ಬದಲಾಗುತ್ತದೆ.

ಎರಡನೆಯದು ನೋಡುಗರ ಚದುರುವಿಕೆ. ನಾಲ್ಕೇ ವಾಹಿನಿಗಳಿದ್ದಾಗ ಅದರಲ್ಲೊಂದು ವೆಲ್ಷ್ ಆಗಿರುವುದೇ ದೊಡ್ಡ ಬಲವಾಗಿತ್ತು. ಉಪಗ್ರಹ ಬಂತು, ಅಂತರಜಾಲ ಬಂತು. ನಾಲ್ಕರಲ್ಲಿ ಒಂದಾಗಿದ್ದದ್ದು ನೂರಾರರಲ್ಲಿ ಒಂದಾಯಿತು. 2010ರಲ್ಲಿ ಹಳೆಯ ಪ್ರಸಾರ ಪದ್ಧತಿ ಅಲ್ಲಿ ಪೂರ್ತಿಯಾಗಿ ನಿಂತು, ವಾಹಿನಿಯಲ್ಲಿ ಇಂಗ್ಲಿಷ್ ಕಾರ್ಯಕ್ರಮಗಳು ಇಲ್ಲವಾಗಿ ಅದು ಸಂಪೂರ್ಣ ವೆಲ್ಷ್ ವಾಹಿನಿಯಾಯಿತು. ಬಯಸಿದ ಭಾಗ್ಯವೇ ಅದು. ಆದರೆ ಆ ಇಂಗ್ಲಿಷ್ ಕಾರ್ಯಕ್ರಮಗಳಿಗಾಗಿ ಬರುತ್ತಿದ್ದ ಜನವೂ ಹೋದರು. ಕೆಲವು ಕಾರ್ಯಕ್ರಮಗಳಿಗೆ ಒಬ್ಬ ನೋಡುಗನೂ ಇಲ್ಲವೆಂದು ಅದೇ ವರ್ಷ ಪತ್ರಿಕೆಗಳು ಬರೆದವು. ಅವುಗಳಲ್ಲಿ ಅನೇಕವು ಎಳೆಯ ಮಕ್ಕಳಿಗಾಗಿ ಇದ್ದವು. ನಾಲ್ಕು ವರ್ಷದೊಳಗಿನ ಮಕ್ಕಳನ್ನು ಎಣಿಕೆಯವರು ಲೆಕ್ಕಕ್ಕೇ ಹಿಡಿಯುವುದಿಲ್ಲ! ತಾಯ್ನುಡಿ ಯಾರ ನಾಲಗೆಯ ಮೇಲೆ ನಿಲ್ಲಬೇಕೋ ಆ ಕೂಸು ಲೆಕ್ಕದ ಪುಸ್ತಕದಲ್ಲಿ ಸೊನ್ನೆ. ಸಾರ್ವಜನಿಕ ವಾಹಿನಿಯನ್ನು ಪೇಟೆಯ ಅಳತೆಗೋಲಿನಿಂದ ಅಳೆದರೆ ಆಗುವ ಅನ್ಯಾಯಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಆದರೂ ನೋಡುವವರಿಲ್ಲದೆ ವಾಹಿನಿ ಬಾಳಲಾರದೆಂಬ ಮಾತನ್ನು ತಳ್ಳಿಹಾಕುವಂತಿಲ್ಲ. 2014ರಿಂದ ಬಿ.ಬಿ.ಸಿ.ಯ ಅಂತರಜಾಲ ಸೇವೆಯ ಮೂಲಕವೂ ವೆಲ್ಷ್ ಕಾರ್ಯಕ್ರಮಗಳನ್ನು ಒದಗಿಸುತ್ತಿರುವುದು, ಒಂದೇ ಕಥೆಯನ್ನು ವೆಲ್ಷ್ ಮತ್ತು ಇಂಗ್ಲಿಷ್ ಎರಡರಲ್ಲೂ ಚಿತ್ರಿಸಿ ಪರದೇಶಗಳಿಗೆ ಮಾರಿದ್ದು, ಇವೆಲ್ಲ ಈ ಕೊರತೆಯನ್ನು ತುಂಬುವ ಯತ್ನಗಳು.

ಮೂರನೆಯದು ಹೊರಗಿನದಲ್ಲ, ಒಳಗಿನದು. ತ್ಯಾಗದಿಂದ ಹುಟ್ಟಿದ ಸಂಸ್ಥೆ ತಾನಾಗಿಯೇ ಶುದ್ಧವಾಗಿ ಉಳಿಯುವುದಿಲ್ಲ. 2023ರಲ್ಲಿ ಅಲ್ಲಿಯ ನೌಕರರನ್ನು ಮೇಲಿನವರು ನಡೆಸಿಕೊಳ್ಳುವ ರೀತಿಯನ್ನು ಕುರಿತು ದೂರುಗಳೆದ್ದು, ವಿಚಾರಣೆ ನಡೆದು, ಮುಖ್ಯಾಧಿಕಾರಿಯನ್ನು ತೆಗೆದುಹಾಕಬೇಕಾಯಿತು. ನುಡಿಯ ಹೆಸರಿನಲ್ಲಿ ಹಣ ಪಡೆಯುವ ಸಂಸ್ಥೆಯ ನಡೆ ಜನರ ಎದುರಿಗೆ ತೆರೆದಿರಬೇಕಾಗುತ್ತದೆ. ಇಲ್ಲವಾದರೆ ಹಣ ಕಡಿಯುವವರಿಗೆ ನೆಪ ಸಿಕ್ಕಂತೆ.

ವಾಹಿನಿಯಿಂದ ನುಡಿ ಉಳಿಯಿತೇ ಎಂದು ನೀವು ಕೇಳಬಹುದು. 1981ರಲ್ಲಿ ನೂರಕ್ಕೆ 18.9ರಷ್ಟಿದ್ದ ವೆಲ್ಷ್ ಬಲ್ಲವರ ಪ್ರಮಾಣ 2001ರಲ್ಲಿ 20.8ಕ್ಕೆ ಏರಿತು, 2021ರಲ್ಲಿ ಮತ್ತೆ 17.8ಕ್ಕೆ ಇಳಿಯಿತು. ನೂರು ವರ್ಷಗಳ ಜಾರುವಿಕೆಯನ್ನು ತಡೆದು ನಿಲ್ಲಿಸಿದ ಕೀರ್ತಿಯಲ್ಲಿ ವೆಲ್ಷ್ ಶಾಲೆಗಳೊಡನೆ ವಾಹಿನಿಗೂ ಪಾಲಿದೆ. ಆದರೆ ಮನೆಯಲ್ಲಿ ಆಡದ ಮಾತನ್ನು ಪೆಟ್ಟಿಗೆ ಆಡಿ ಉಳಿಸಲಾರದು ಎಂಬುದನ್ನೂ ಈ ಅಂಕೆಗಳು ಹೇಳುತ್ತವೆ.

ನಮ್ಮ ಸ್ಥಿತಿ ವೇಲ್ಸಿನದಲ್ಲ. 2011ರ ಗಣತಿಯಂತೆ ಕನ್ನಡ ನಾಲ್ಕು ಕೋಟಿಗೂ ಮಿಕ್ಕ ಜನರ ತಾಯ್ನುಡಿ. ಉಪಗ್ರಹ ದೂರದರ್ಶನದ ಪ್ರಯೋಗ 1975ರ ಆಗಸ್ಟಿನಲ್ಲಿ ಆರಂಭವಾದಾಗ ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗರು ಚಾವಡಿಯ ಮುಂದೆ ಕುಳಿತು ಕನ್ನಡ ಕಾರ್ಯಕ್ರಮಗಳನ್ನು ಕಂಡರು. ಇಂದು ಕನ್ನಡದಲ್ಲಿ ಖಾಸಗಿ ವಾಹಿನಿಗಳಿಗೆ ಬರವಿಲ್ಲ. ಆದರೆ ಸಾರ್ವಜನಿಕ ವಾಹಿನಿಯಾದ 'ಚಂದನ' ಪ್ರಸಾರ ಭಾರತಿಯ ಅಧೀನದಲ್ಲಿದ್ದು, ಅದರ ಹಣದ ನಿರ್ಧಾರವೂ ದೂರದ ರಾಜಧಾನಿಯಲ್ಲೇ ಆಗುತ್ತದೆ. ಗೆದ್ದವರಿಗೆ ಕನ್ನಡ ಪುಸ್ತಕವನ್ನೇ ಬಹುಮಾನ ಕೊಡುವ 'ಥಟ್ ಅಂತ ಹೇಳಿ'ಯಂಥ ಕಾರ್ಯಕ್ರಮ ಅಲ್ಲಿ ಬೆಳೆಯಿತೆಂಬುದನ್ನು ನೆನೆದರೆ, ಲಾಭವನ್ನೇ ಎಣಿಸದ ವಾಹಿನಿಯಿಂದ ಆಗಬಹುದಾದುದು ಏನೆಂಬುದು ತಿಳಿಯುತ್ತದೆ.

ಗ್ವಿನ್‌ಫೋರ್ ಇವಾನ್ಸ್ ಅವರು 2005ರಲ್ಲಿ ತಮ್ಮ ತೊಂಬತ್ತೆರಡನೆಯ ವಯಸ್ಸಿನಲ್ಲಿ ನಿಧನರಾದರು. ಅವರು ಒಂದು ದಿನವೂ ಅನ್ನ ಬಿಡಬೇಕಾಗಲಿಲ್ಲ. ಬಿಡಲು ಸಿದ್ಧರಾದುದೇ ಸಾಕಾಯಿತು. ನಮ್ಮಿಂದ ಯಾರೂ ಅಷ್ಟನ್ನು ಕೇಳುತ್ತಿಲ್ಲ. ಊರವರು ದುಡಿದು ತೋಡಿದ ಬಾವಿಯಾದರೂ ನೀರು ಸೇದುವವರಿಲ್ಲದಿದ್ದರೆ ಪಾಚಿ ಕಟ್ಟುತ್ತದೆ. ಸಂಜೆಯ ಒಂದು ಗಂಟೆ ಮಕ್ಕಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ನಮ್ಮ ನುಡಿಯ ಒಳ್ಳೆಯ ಕಾರ್ಯಕ್ರಮವನ್ನು ನೋಡುವುದು, ಕೆಟ್ಟದ್ದು ಕಂಡರೆ ಎರಡು ಸಾಲು ಬರೆದು ತಿಳಿಸುವುದು, ಅನುದಾನ ಕಡಿದಾಗ ಸುಮ್ಮನಿರದಿರುವುದು, ಇಷ್ಟನ್ನು ನಾವು ಮಾಡಬಲ್ಲೆವು. ಗಳಿಸಿಕೊಟ್ಟವರ ಋಣವನ್ನು ತೀರಿಸುವ ಬಗೆ ಇದೇ.