ಕಾರೊ-ಕಾನ್ ರಕ್ಷಣೆ: ನಾಲ್ಕನೇ ನಡೆಯ ಕವಲು

ಚದುರಂಗದಲ್ಲಿ ಬಿಳಿಯ ಆಟಗಾರ ರಾಜನ ಮುಂದಿನ ಪದಾತಿಯನ್ನು ಇ4 ಮನೆಗೆ ನಡೆಸಿದಾಗ ಕಪ್ಪು ಪದಾತಿಯನ್ನು ಸಿ6ಕ್ಕೆ ಇಟ್ಟು ಉತ್ತರಿಸುವ ಕ್ರಮವೇ ಕಾರೊ-ಕಾನ್ ರಕ್ಷಣೆ. 1886ರಲ್ಲಿ ಇದರ ವಿಶ್ಲೇಷಣೆ ಪ್ರಕಟಿಸಿದ ಹೊರೇಶಿಯೊ ಕಾರೊ ಮತ್ತು ಮಾರ್ಕಸ್ ಕಾನ್ ಅವರಿಂದ ಈ ಹೆಸರು ಬಂದಿದೆ. ಎರಡನೇ ನಡೆಯಲ್ಲಿ ಡಿ5ಕ್ಕೆ ಪದಾತಿ ನೂಕಿ ಕೇಂದ್ರವನ್ನು ಪ್ರಶ್ನಿಸುವುದು, ಫ್ರೆಂಚ್ ರಕ್ಷಣೆಯಲ್ಲಾಗುವಂತೆ ಮಂತ್ರಿಯ ಬದಿಯ ಒಂಟೆ ತನ್ನದೇ ಪದಾತಿಗಳ ಹಿಂದೆ ಸೆರೆಯಾಗದಂತೆ ನೋಡಿಕೊಳ್ಳುವುದು ಇದರ ಉದ್ದೇಶ.

ನಿಜವಾದ ಆಯ್ಕೆ ಎದುರಾಗುವುದು ಇ4ರಲ್ಲಿ ಪದಾತಿಗಳ ವಿನಿಮಯವಾಗಿ ಬಿಳಿಯ ಕುದುರೆ ಅಲ್ಲಿ ಬಂದು ನಿಂತ ಮೇಲೆ. ಒಂಟೆಯನ್ನು ಎಫ್5ಕ್ಕೆ ತರುವುದು ಹಳೆಯ, ಭದ್ರವಾದ ದಾರಿ. ಬಿಳಿಯ ಪದಾತಿ ಎಚ್5ರವರೆಗೆ ಬಂದು ರಾಜನ ಬದಿಯನ್ನು ಇಕ್ಕಟ್ಟಿಗೆ ತಳ್ಳುತ್ತದೆ, ಗೆಲುವಿನ ಅವಕಾಶವೂ ಕಡಿಮೆ. ಆದರೆ ಸೋಲಿಸುವುದು ಸುಲಭವಲ್ಲ. 2013ರ ಚೆನ್ನೈ ವಿಶ್ವ ಚಾಂಪಿಯನ್‌ಷಿಪ್‌ನ ಎರಡನೇ ಆಟದಲ್ಲಿ ಕಾರ್ಲ್‌ಸನ್ ಇದನ್ನೇ ಆಡಿ, ಆನಂದ್ ಅವರೊಂದಿಗೆ 25 ನಡೆಗಳಲ್ಲಿ ಡ್ರಾ ಮಾಡಿಕೊಂಡರು.

ಕುದುರೆಯನ್ನು ಡಿ7ಕ್ಕೆ ತರುವುದು ಕಾರ್ಪೊವ್ ಅವರ ನೆಚ್ಚಿನ ಕ್ರಮ. ನೋಡಲು ಇನ್ನೂ ಸೌಮ್ಯ, ಆದರೆ ನಡೆಗಳ ಅನುಕ್ರಮ ತಪ್ಪಿದರೆ ಕ್ಷಮೆಯಿಲ್ಲ. 1997ರ ಮೇ 11ರಂದು ನ್ಯೂಯಾರ್ಕ್‌ನಲ್ಲಿ ಡೀಪ್ ಬ್ಲೂ ಕಂಪ್ಯೂಟರ್ ಎದುರಿನ ಕೊನೆಯ ಆಟದಲ್ಲಿ ಕಾಸ್ಪರೊವ್ ಏಳನೇ ನಡೆಯಾಗಿ ಒಂಟೆಯನ್ನು ಡಿ6ಕ್ಕೆ ತರುವ ಬದಲು ಎಚ್6ಕ್ಕೆ ಪದಾತಿ ನಡೆಸಿದರು. ಯಂತ್ರ ಕೂಡಲೇ ಇ6ರಲ್ಲಿ ಕುದುರೆಯನ್ನು ಬಲಿಕೊಟ್ಟಿತು. ಕಪ್ಪು ರಾಜನಿಗೆ ಕ್ಯಾಸ್ಲಿಂಗ್ ಅವಕಾಶವೇ ಉಳಿಯಲಿಲ್ಲ. ಬಿಳಿಯ 19ನೇ ನಡೆಯ ಬಳಿಕ ವಿಶ್ವ ಚಾಂಪಿಯನ್ ಸೋಲೊಪ್ಪಿಕೊಂಡರು. ಅನುಕ್ರಮವನ್ನು ಕಂಠಪಾಠ ಮಾಡಲು ಪುರುಸೊತ್ತಿಲ್ಲದವರು ಈ ಕವಲನ್ನು ಬಿಡುವುದೇ ಲೇಸು.

ಮೂರನೆಯದು ಕುದುರೆಯನ್ನು ಎಫ್6ಕ್ಕೆ ತಂದು ವಿನಿಮಯಕ್ಕೆ ಕರೆಯುವುದು. ಅದನ್ನು ಇ ಸಾಲಿನ ಪದಾತಿಯಿಂದ ಮರಳಿ ಹೊಡೆದರೆ ರಾಜನಿಗೆ ಗಟ್ಟಿ ಆಸರೆ, ಕಾಯಿಗಳಿಗೆ ಸಲೀಸು ದಾರಿ. ಆದರೆ ಉಳಿದ ಕಾಯಿಗಳೆಲ್ಲ ವಿನಿಮಯವಾಗಿ ಪದಾತಿಗಳಷ್ಟೇ ಉಳಿದರೆ, ಮಂತ್ರಿಯ ಬದಿಯಲ್ಲಿ ಬಿಳಿಯರಿಗಿರುವ ಹೆಚ್ಚುವರಿ ಪದಾತಿ ಮಾರಕವಾಗಬಲ್ಲದು. ಜಿ ಸಾಲಿನ ಪದಾತಿಯಿಂದ ಹೊಡೆಯುವುದು ಗೆಲ್ಲಲೇಬೇಕೆಂದು ಹೊರಟವರ ದಾರಿ: ಆನೆಗೆ ತೆರೆದ ಸಾಲು, ರಾಜನಿಗೆ ಹರಕು ಗೋಡೆ.

ಬಿಳಿಯ ಆಟಗಾರ ಮೂರನೇ ನಡೆಯಲ್ಲೇ ಇ5ಕ್ಕೆ ಮುನ್ನುಗ್ಗಿದರೆ ಈ ಮೂರೂ ಇಲ್ಲ. ಆಗ ಒಂಟೆಯನ್ನು ಎಫ್5ಕ್ಕೆ ತರುವುದು ರೂಢಿ. 1961ರ ಮರುಪಂದ್ಯದಲ್ಲಿ ತಾಲ್ ವಿರುದ್ಧ ಬೋಟ್ವಿನ್ನಿಕ್ ಸಿ5 ಆಡಿದ್ದೂ ಉಂಟು.