ಅರಸೀಕೆರೆ ಜಂಕ್ಷನ್: ರೈಲಿಲ್ಲದ ಬೇಲೂರು, ಹಳೇಬೀಡಿಗೂ ಇದೇ ಸ್ಟೇಷನ್

ಬೇಲೂರು, ಹಳೇಬೀಡು ಎರಡೂ ಊರಿಗೆ ಇನ್ನೂ ರೈಲು ಬಂದಿಲ್ಲ. 2023ರ ಸೆಪ್ಟೆಂಬರ್ 18ರಂದು ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ಮತ್ತು ಸೋಮನಾಥಪುರದ ಕೇಶವ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಆದರೂ ಹುಬ್ಬಳ್ಳಿ, ಬೆಳಗಾವಿ, ಪುಣೆ ಕಡೆಯಿಂದ ರೈಲಲ್ಲಿ ಬರೋರು ಇಳಿಯೋದು ಅರಸೀಕೆರೆಯಲ್ಲೇ. ಅಲ್ಲಿಂದ ಬಸ್ಸೋ ಕಾರೋ ಹಿಡಿದು, ಬಾಣಾವರ, ಜಾವಗಲ್ ದಾಟಿ ಹಳೇಬೀಡು ಸೇರಬೇಕು. ಹಳೇಬೀಡಿನಿಂದ ಬೇಲೂರಿಗೆ ಮತ್ತೆ 16 ಕಿ.ಮೀ.

ಅರಸೀಕೆರೆ ಅಂದ ತಕ್ಷಣ ಹೊರಗಿನವರಿಗೆ ನೆನಪಾಗೋದು ಜಂಕ್ಷನ್. ನಮ್ಮೂರಿನ ಅರ್ಧ ವ್ಯಾಪಾರ ಬೆಳೆದದ್ದೂ ಆ ಜಂಕ್ಷನ್ ಸುತ್ತಲೇ. ಜಂಕ್ಷನ್ ಅಂದ್ರೆ ಏನು? ಒಂದು ಗಾಡಿ ಇಳಿದು ಇನ್ನೊಂದು ಗಾಡಿಗೆ ಜನ ಕಾಯುವ ಜಾಗ. ಕಾಯೋರು ಕಾಫಿ ಕುಡೀತಾರೆ, ಊಟ ಮಾಡ್ತಾರೆ, ರೂಮು ಹಿಡೀತಾರೆ. ಈ ಸ್ಟೇಷನ್ನಿನ ಇತಿಹಾಸವನ್ನು ಆ ಕಣ್ಣಿಂದ ನೋಡಿದರೆ, ಊರು ಯಾವಾಗ ಏರಿತು, ಯಾವಾಗ ಇಳಿಯಿತು ಅನ್ನೋದು ಚೆನ್ನಾಗಿ ತಿಳಿಯುತ್ತೆ.

ಹಾರನಹಳ್ಳಿಯಿಂದ ಅರಸೀಕೆರೆಗೆ

ರೈಲಿಗಿಂತ ಮೊದಲೂ ಅರಸೀಕೆರೆ ಇತ್ತು. ಹೆಸರೇ ಹೇಳುವ ಹಾಗೆ ಅದು ಅರಸಿಯ ಕೆರೆ, ಹೊಯ್ಸಳರ ಕಾಲದ್ದು. ಊರಿನ ಈಶ್ವರ ದೇವಾಲಯ ಸುಮಾರು 1220ರದ್ದು. ಅದರ ದುಂಡನೆಯ ಮುಖಮಂಟಪದಂಥದ್ದು ಹೊಯ್ಸಳ ಗುಡಿಗಳಲ್ಲೇ ಅಪರೂಪ. ಆದರೆ ಆಡಳಿತದ ಲೆಕ್ಕದಲ್ಲಿ ಒಂದು ಕಾಲಕ್ಕೆ ಈ ಭಾಗದ ಮುಖ್ಯ ಊರು ಹಾರನಹಳ್ಳಿ. ಹಾಸನ ರಸ್ತೆಯಲ್ಲಿ ಹೋಗುವಾಗ ಸಿಗುತ್ತಲ್ಲ, ಸೋಮೇಶ್ವರ ಮತ್ತು ಲಕ್ಷ್ಮೀನರಸಿಂಹ ಗುಡಿಗಳಿರುವ ಊರು, ಅದೇ. ಹಿಂದೆ ತಾಲ್ಲೂಕಿಗೂ ಹಾರನಹಳ್ಳಿಯದೇ ಹೆಸರಿತ್ತು. ಇವತ್ತು ಹಾರನಹಳ್ಳಿ ಹಳ್ಳಿಯಾಗಿಯೇ ಉಳಿದಿದೆ, ಅರಸೀಕೆರೆ ಪಟ್ಟಣವಾಗಿದೆ. ನಡುವೆ ಬಂದದ್ದು ರೈಲು.

ಆ ರೈಲು ಬಂದ ಹಿನ್ನೆಲೆಯಲ್ಲಿ 1876–78ರ ಭೀಕರ ಬರಗಾಲ ಇದೆ. ಬರ ಬಂದಾಗ ಧಾನ್ಯ ಸಾಗಿಸೋಕೆ ದಾರಿ ಇಲ್ಲದೆ ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನ ಸತ್ತರು. ಆಮೇಲೆ ಮೈಸೂರಿನಲ್ಲಿ ರೈಲು ಹಾಕುವ ಕೆಲಸಕ್ಕೆ ವೇಗ ಬಂತು. ಬೆಂಗಳೂರು–ಮೈಸೂರು ಮಾರ್ಗ 1882ರಲ್ಲಿ ಮುಗಿಯಿತು. ಬೆಂಗಳೂರಿನಿಂದ ತುಮಕೂರು ದಾಟಿ ಗುಬ್ಬಿವರೆಗೆ 1884ರಲ್ಲಿ ಗಾಡಿ ಓಡಿತು. ಅಲ್ಲಿಗೆ ಸಂಸ್ಥಾನದ ಕೈಯಲ್ಲಿದ್ದ ದುಡ್ಡು ಸಾಲದಾಯಿತು. ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲ ಅದು. 1886ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಜೊತೆ ಒಪ್ಪಂದವಾಯಿತು. ಕಂಪನಿ ಮೂಲಕ ಲಂಡನ್ನಿನಲ್ಲಿ ಸಾಲ ಎತ್ತಿದರು, ಆಗಲೇ ಇದ್ದ ಮಾರ್ಗವನ್ನೂ ಓಡಿಸೋಕೆ ಕಂಪನಿಗೇ ಕೊಟ್ಟರು. ಮುಂದಿನ ಹಳಿ ಗುಬ್ಬಿಯಿಂದ ತಿಪಟೂರು, ಅರಸೀಕೆರೆ, ಬಾಣಾವರ, ಕಡೂರು, ಬೀರೂರು ಹಾದು 1889ರಲ್ಲಿ ಹರಿಹರ ಮುಟ್ಟಿತು. ಆ ಕಡೆ ಹುಬ್ಬಳ್ಳಿಯಿಂದ ಬಂದ ಹಳಿಗೆ ಸೇರಿಕೊಂಡಿತು. ಅರಸೀಕೆರೆ ಒಂದೇ ಏಟಿಗೆ ಬೆಂಗಳೂರು–ಪುಣೆ ಹೆದ್ದಾರಿ ಮೇಲೆ ಕೂತಂತಾಯಿತು, ಅದು ಕಬ್ಬಿಣದ ಹೆದ್ದಾರಿ.

ಹಾಸನ ಜಿಲ್ಲಾ ಕೇಂದ್ರ. ಬೇಲೂರು ಹೆಸರಾಂತ ಊರು. ಎರಡನ್ನೂ ಬಿಟ್ಟು ಹಳಿ ಇಲ್ಲಿ ಯಾಕೆ ಬಂತು? ನೆಲ ನೋಡಿದರೆ ಗೊತ್ತಾಗುತ್ತೆ. ತುಮಕೂರಿನಿಂದ ಬೀರೂರಿನವರೆಗೆ ಬಯಲುಸೀಮೆ, ದೊಡ್ಡ ನದಿ ದಾಟೋ ಕೆಲಸ ಕಡಿಮೆ. ಪಶ್ಚಿಮಕ್ಕೆ ಸರಿದಷ್ಟೂ ಹೇಮಾವತಿ, ಯಗಚಿ, ಮಲೆನಾಡಿನ ಏರಿಳಿತ, ಜಾಸ್ತಿ ಖರ್ಚು. ಸಾಲದ ದುಡ್ಡಲ್ಲಿ ಹಳಿ ಹಾಕೋರು ಸಮತಟ್ಟು ನೆಲವನ್ನೇ ಹುಡುಕ್ತಾರೆ.

ಹಳೇಬೀಡಿನ ಹಳೇ ಸ್ಟೇಷನ್ ಬಾಣಾವರ

ಹಾಸನಕ್ಕೆ ರೈಲು ಬರೋಕೆ ಮುಂಚೆ, ಸುಮಾರು ಮೂವತ್ತು ವರ್ಷ, ಹಳೇಬೀಡಿಗೆ ಹೋಗೋರು ಇಳೀತಿದ್ದದ್ದು ಬಾಣಾವರದಲ್ಲಿ. 1908ರ ಹೊತ್ತಿಗೆ ಬ್ರಿಟಿಷ್ ಸರ್ಕಾರ ಪ್ರಕಟಿಸಿದ ಇಂಪೀರಿಯಲ್ ಗೆಜೆಟಿಯರ್ ಕೂಡ ಹಳೇಬೀಡು ಎಲ್ಲಿದೆ ಅಂತ ಹೇಳೋಕೆ ಬಳಸಿದ ಗುರುತು ಬಾಣಾವರ ರೈಲು ನಿಲ್ದಾಣವನ್ನೇ. ಅಲ್ಲಿಂದ 18 ಮೈಲಿ, ಅಂದ್ರೆ ಸುಮಾರು 29 ಕಿ.ಮೀ. ಎತ್ತಿನ ಗಾಡಿ ಕಟ್ಟಿಸಿಕೊಂಡು ಜಾವಗಲ್ ಮೇಲೆ ಹೋಗಬೇಕಿತ್ತು. (ಹೌದು, ಕ್ರಿಕೆಟಿಗ ಶ್ರೀನಾಥ್ ಹೆಸರಿನ ಮುಂದೆ ಇರೋ ಜಾವಗಲ್ ಇದೇ. ಅಲ್ಲೂ ಒಂದು ಚಂದದ ಹೊಯ್ಸಳ ಗುಡಿ ಇದೆ, ಪ್ರವಾಸಿಗರು ಕಾರು ನಿಲ್ಲಿಸದೆ ಹೋಗ್ತಾರೆ.)

ಈಗ ಅದೇ ದಾರಿ ಮಂಗಳೂರು–ತುಮಕೂರು ರಾಷ್ಟ್ರೀಯ ಹೆದ್ದಾರಿ 73ರ ಭಾಗ. ಬೇಲೂರು, ಹಳೇಬೀಡು, ಜಾವಗಲ್, ಬಾಣಾವರ, ಅರಸೀಕೆರೆ ಐದೂ ಊರು ಒಂದೇ ದಾರದಲ್ಲಿ ಪೋಣಿಸಿದ ಹಾಗಿವೆ.

ಜಂಕ್ಷನ್ ಆದದ್ದು ಯಾವಾಗ

ಎಷ್ಟೋ ಜನ ಅರಸೀಕೆರೆ ಮೊದಲಿಂದಲೂ ಜಂಕ್ಷನ್ ಅಂದುಕೊಂಡಿದ್ದಾರೆ. ಹಾಗಿಲ್ಲ. 1889ರಿಂದ ಮೊದಲ ಮೂರು ದಶಕ ಇದು ಮೈನ್ ಲೈನಿನ ಒಂದು ನಿಲ್ದಾಣ ಅಷ್ಟೇ. ನಮಗಿಂತ ಮೊದಲೇ ಬೀರೂರು ಜಂಕ್ಷನ್ ಆಗಿತ್ತು, 1899ರಲ್ಲಿ ಶಿವಮೊಗ್ಗದ ಹಳಿ ಬಂದಾಗ. ಸರ್ ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದದ್ದು 1912ರಿಂದ 1918. ಆ ಅವಧಿಯಲ್ಲಿ ಸಂಸ್ಥಾನ ತನ್ನ ದುಡ್ಡಲ್ಲಿ ತನ್ನ ರೈಲು ಹಾಕಬೇಕು ಅನ್ನೋ ಹಟ ಹಿಡಿಯಿತು. ಮೈಸೂರಿನಿಂದ ಕೃಷ್ಣರಾಜನಗರ, ಹೊಳೆನರಸೀಪುರ, ಹಾಸನ ಮೇಲೆ ಅರಸೀಕೆರೆಗೆ ಬಂದ ಹಳಿ 1918ರ ಹೊತ್ತಿಗೆ ಪೂರ್ತಿಯಾಯಿತು. ಮೈಸೂರಿನ ಜನ ಬೆಂಗಳೂರು ಸುತ್ತದೆ ಹುಬ್ಬಳ್ಳಿ, ಪುಣೆ ಕಡೆ ಹೋಗಬಹುದಾಯಿತು. ಹಾಸನಕ್ಕೆ ಮೊದಲ ಸಲ ರೈಲು ಸಿಕ್ಕಿತು. ಅರಸೀಕೆರೆ ಜಂಕ್ಷನ್ ಆಯಿತು.

ಒಂದು ಕುತೂಹಲದ ಲೆಕ್ಕ. ಅರಸೀಕೆರೆಯಿಂದ ರೈಲಲ್ಲಿ ಬೆಂಗಳೂರಿಗೆ ಸುಮಾರು 166 ಕಿ.ಮೀ., ಹಾಸನದ ಮೇಲೆ ಮೈಸೂರಿಗೂ ಹೆಚ್ಚುಕಮ್ಮಿ ಅಷ್ಟೇ. ಹಾಸನಕ್ಕೆ 47 ಕಿ.ಮೀ. ಎರಡು ರಾಜಧಾನಿಗಳಿಗೂ ಸಮದೂರ ಅನ್ನಬಹುದು.

ಇಲ್ಲಿ ಇನ್ನೊಂದು ವಿಶೇಷ ಇತ್ತು. ಮೈನ್ ಲೈನ್ ಕಂಪನಿ ಕೈಯಲ್ಲಿ (1908ರಲ್ಲಿ ಅದು ಮದ್ರಾಸ್ ರೈಲ್ವೆ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ಆಗಿತ್ತು), ಹಾಸನದ ಹಳಿ ಮೈಸೂರು ಸಂಸ್ಥಾನದ ಕೈಯಲ್ಲಿ. ಎರಡು ಯಜಮಾನರು ಒಂದೇ ಯಾರ್ಡಿನಲ್ಲಿ ಎದುರಾಗ್ತಿದ್ದರು. 1938ರಲ್ಲಿ ಬೆಂಗಳೂರು–ಹರಿಹರ ಮಾರ್ಗವೂ ಸಂಸ್ಥಾನಕ್ಕೆ ವಾಪಸ್ ಬಂತು. 1950ರಲ್ಲಿ ಮೈಸೂರು ರೈಲ್ವೆ ಭಾರತೀಯ ರೈಲ್ವೆಗೆ ಸೇರಿತು, 1951ರಲ್ಲಿ ದಕ್ಷಿಣ ರೈಲ್ವೆ, 2003ರಿಂದ ಹುಬ್ಬಳ್ಳಿ ಕೇಂದ್ರವಾದ ನೈಋತ್ಯ ರೈಲ್ವೆ. ನಾವೀಗ ಅದರ ಮೈಸೂರು ವಿಭಾಗದಲ್ಲಿದ್ದೇವೆ.

ಕಾಯುವಿಕೆಯ ಕಾಲ

ಮೀಟರ್ ಗೇಜ್ ಕಾಲವೇ ಅರಸೀಕೆರೆ ಜಂಕ್ಷನ್ನಿನ ಸುವರ್ಣಕಾಲ ಅನ್ನಬೇಕು. ಗಾಡಿ ನಿಧಾನ, ಹಳಿ ಒಂದೇ. ಎದುರು ಗಾಡಿ ಬರೋವರೆಗೆ ಈ ಗಾಡಿ ನಿಂತಿರಬೇಕು. ಉಗಿ ಎಂಜಿನ್‌ಗೆ ಆಗಾಗ ನೀರು ತುಂಬಬೇಕು, ಬೂದಿ ತೆಗೀಬೇಕು. ಇಲ್ಲಿ ಎಂಜಿನ್ ಶೆಡ್ಡೂ ಇತ್ತು, ನೌಕರರ ಕ್ವಾರ್ಟರ್ಸೂ ಇತ್ತು. ಡ್ರೈವರ್, ಗಾರ್ಡ್, ಫೈರ್‌ಮನ್, ಪಾಯಿಂಟ್ಸ್‌ಮನ್ ಇವರ ಸಂಬಳವೇ ಪೇಟೆಗೆ ಆಧಾರ. ಹುಬ್ಬಳ್ಳಿ ಕಡೆಯಿಂದ ಬಂದು ಹಾಸನ, ಮೈಸೂರಿಗೆ ಹೋಗೋರು, ಬೆಂಗಳೂರಿಂದ ಬಂದು ಹಾಸನ, ಸಕಲೇಶಪುರಕ್ಕೆ ಹೋಗೋರು ಎಲ್ಲರೂ ಇಲ್ಲಿ ಗಾಡಿ ಬದಲಾಯಿಸಬೇಕಿತ್ತು. ಒಂದು ಗಾಡಿ ತಪ್ಪಿದರೆ ರಾತ್ರಿ ಇಲ್ಲೇ. ಸ್ಟೇಷನ್ ಎದುರಿನ ಹೋಟೆಲು, ಲಾಡ್ಜು, ಬಿ.ಎಚ್. ರಸ್ತೆಯ ಅಂಗಡಿಗಳು ಸಾಲಾಗಿ ಎದ್ದದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಸರಕಿನ ಮಾತೂ ಹೇಳಬೇಕು. ತಿಪಟೂರು, ಅರಸೀಕೆರೆ ಸೀಮೆಯ ಕೊಬ್ಬರಿಗೆ ಉತ್ತರ ಭಾರತ ದೊಡ್ಡ ಮಾರುಕಟ್ಟೆ. ಒಬ್ಬ ವ್ಯಾಪಾರಿ ಒಂದೆರಡು ವ್ಯಾಗನ್ ಬುಕ್ ಮಾಡಿ ಮಾಲು ಕಳಿಸಬಹುದಿತ್ತು. ತೊಂದರೆ ಏನಂದ್ರೆ, ಮೀಟರ್ ಗೇಜಿನ ಒಂದು ಮೀಟರ್ ಅಗಲದ ಹಳಿ ಎಲ್ಲಿ ಮುಗಿಯುತ್ತೋ ಅಲ್ಲಿ ಮಾಲನ್ನೆಲ್ಲ ಇಳಿಸಿ 1,676 ಮಿ.ಮೀ. ಬ್ರಾಡ್ ಗೇಜ್ ವ್ಯಾಗನ್‌ಗೆ ತುಂಬಬೇಕು. ಮೂಟೆ ಹರಿಯೋದು, ದಿನ ತಡವಾಗೋದು ಎಲ್ಲ ಇದ್ದದ್ದೇ. 1980ರ ದಶಕದಲ್ಲಿ ರೈಲ್ವೆಯವರು ಬಿಡಿ ವ್ಯಾಗನ್ ಕಡಿಮೆ ಮಾಡಿ ಪೂರ್ತಿ ರೇಕ್ ಕಡೆ ವಾಲಿದರು. ಒಂದು ಇಡೀ ರೈಲಿಗಾಗುವಷ್ಟು ಸಿಮೆಂಟೋ ಗೊಬ್ಬರವೋ ಇರೋರಿಗೆ ಅನುಕೂಲ, ನಾಲ್ಕು ಲೋಡ್ ಕೊಬ್ಬರಿ ಇರೋರಿಗೆ ಲಾರಿಯೇ ಗತಿ. ಕೊಬ್ಬರಿ ವ್ಯಾಪಾರ ಹಳಿ ಬಿಟ್ಟು ರಸ್ತೆಗೆ ಇಳಿದ ಬಗೆ ಇದು. ಬ್ರಾಡ್ ಗೇಜ್ ಬಂದ ಮೇಲೂ ಆ ವ್ಯಾಪಾರ ವಾಪಸ್ ಬರಲಿಲ್ಲ.

1979ರಲ್ಲಿ ಹಾಸನ–ಮಂಗಳೂರು ಮಾರ್ಗ ತೆರೆದಾಗ ಅರಸೀಕೆರೆಗೆ ಕರಾವಳಿಯ ಸಂಪರ್ಕವೂ ಸಿಕ್ಕಿತು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 57 ಸುರಂಗ ಕೊರೆದು ಹಾಕಿದ ಹಳಿ ಅದು.

ಹಳಿ ಅಗಲವಾಯಿತು, ಕಾಯೋದು ಕಮ್ಮಿಯಾಯಿತು

1992ರಲ್ಲಿ ದೇಶವೆಲ್ಲ ಒಂದೇ ಗೇಜ್ ಮಾಡುವ ಯೋಜನೆ ಶುರುವಾಯಿತು. ಅದೇ ದಶಕದಲ್ಲಿ ಬೆಂಗಳೂರು–ಹುಬ್ಬಳ್ಳಿ ಮಾರ್ಗವೂ ಅರಸೀಕೆರೆ–ಹಾಸನ–ಮೈಸೂರು ಮಾರ್ಗವೂ ಬ್ರಾಡ್ ಗೇಜ್ ಆದವು. ಉಗಿ ಎಂಜಿನ್ ಹೋಯಿತು, ಅದರ ಜೊತೆ ಶೆಡ್ಡಿನ ಕೆಲಸವೂ ಹೋಯಿತು. ಹಾಸನ–ಮಂಗಳೂರು ಮಾತ್ರ 1996ರಲ್ಲಿ ಮುಚ್ಚಿದ್ದು ಮತ್ತೆ ತೆರೆಯೋಕೆ ಹತ್ತು ವರ್ಷ ಬೇಕಾಯಿತು. 2006ರಲ್ಲಿ ಗೂಡ್ಸ್, 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕರ ಗಾಡಿ. ಬಳ್ಳಾರಿ ಕಡೆಯ ಅದಿರು ಹೊತ್ತ ಉದ್ದನೆಯ ಗೂಡ್ಸ್ ಗಾಡಿಗಳು ಅರಸೀಕೆರೆ ಮೇಲೆ ಮಂಗಳೂರು ಬಂದರಿಗೆ ಹೋದವು. ಅದಿರು ಕಾಫಿ ಕುಡಿಯೋದಿಲ್ಲವಲ್ಲ, ಪೇಟೆಗೆ ಅದರಿಂದ ಬಂದದ್ದು ಏನೂ ಇಲ್ಲ.

ದೊಡ್ಡ ಬದಲಾವಣೆ ಆದದ್ದು 2017ರ ಮಾರ್ಚ್ 26ರಂದು. ಅವತ್ತು ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳ ಮೇಲೆ ಬೆಂಗಳೂರು–ಹಾಸನ ನೇರ ಮಾರ್ಗ ಪೂರ್ತಿಯಾಗಿ ತೆರೆಯಿತು. ಅಲ್ಲಿವರೆಗೆ ಬೆಂಗಳೂರಿಂದ ಹಾಸನಕ್ಕೆ ರೈಲಲ್ಲಿ ಹೋಗೋಕೆ ಇದ್ದದ್ದು ಎರಡೇ ದಾರಿ. ಅರಸೀಕೆರೆ ಸುತ್ತಬೇಕು, ಇಲ್ಲವೇ ಮೈಸೂರು ಸುತ್ತಬೇಕು. ಹೊಸ ದಾರಿ ಹಾಸನದವರಿಗೆ ಒಳ್ಳೆಯದೇ ಮಾಡಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಂಗಳೂರಿಂದ ಬೇಲೂರು, ಹಳೇಬೀಡು ನೋಡೋಕೆ ಹೊರಟವರು ಅರಸೀಕೆರೆಯಲ್ಲಿ ಇಳಿಯಬೇಕಾದ ಕಾರಣ ಅವತ್ತಿಗೆ ಇಲ್ಲವಾಯಿತು. ಹಾಸನದಿಂದ ಬೇಲೂರಿಗೂ ಹಳೇಬೀಡಿಗೂ ಬಸ್ ಜಾಸ್ತಿ, ದಾರಿಯೂ ಹತ್ತಿರ.

ಉತ್ತರ ಕರ್ನಾಟಕದ ದಿಕ್ಕು ಮಾತ್ರ ನಮ್ಮ ಕೈಬಿಟ್ಟಿಲ್ಲ. ರಾಣಿ ಚೆನ್ನಮ್ಮ, ಹುಬ್ಬಳ್ಳಿ ಜನಶತಾಬ್ದಿ ಇಲ್ಲಿ ನಿಲ್ತವೆ. ಮೈಸೂರಿಂದ ತಾಳಗುಪ್ಪಕ್ಕೆ ಹೋಗುವ ಕುವೆಂಪು ಎಕ್ಸ್‌ಪ್ರೆಸ್ ಹಾಸನ, ಅರಸೀಕೆರೆ ಮೇಲೆಯೇ ಹೋಗಬೇಕು. ಬೆಂಗಳೂರು–ಹುಬ್ಬಳ್ಳಿ ಮಾರ್ಗ ಈಗ ಜೋಡಿ ಹಳಿ, ವಿದ್ಯುತ್ ತಂತಿಯೂ ಬಂದಿದೆ. ಎದುರು ಗಾಡಿಗೆ ಅಂತ ಕಾಯೋ ಹೊತ್ತು ಕಮ್ಮಿ. 2023ರ ಜೂನ್ 27ರಂದು ಧಾರವಾಡ–ಬೆಂಗಳೂರು ವಂದೇ ಭಾರತ್ ಶುರುವಾದಾಗ ಅದರ ವೇಳಾಪಟ್ಟಿಯಲ್ಲಿ ಅರಸೀಕೆರೆ ಇರಲಿಲ್ಲ. ವೇಗದ ಗಾಡಿ ಅಂದ್ರೆ ನಿಲ್ಲದ ಗಾಡಿ, ಜಂಕ್ಷನ್ ಬೋರ್ಡ್ ನೋಡಿ ಅದು ನಿಲ್ಲೋದಿಲ್ಲ.

ದಿನಾ ಓಡಾಡೋರ ಲೆಕ್ಕವೇ ಬೇರೆ. ಬೆಂಗಳೂರು, ತುಮಕೂರು ಕಡೆಯ ಪ್ಯಾಸೆಂಜರ್, ಡೆಮು ಗಾಡಿಗಳು ಈ ಸ್ಟೇಷನ್ನನ್ನು ಅರ್ಧ ಉಪನಗರ ನಿಲ್ದಾಣ ಮಾಡಿವೆ. ಆದರೆ ರೈಲ್ವೆ ಸೀಸನ್ ಟಿಕೆಟ್‌ಗೆ ಸಾಮಾನ್ಯವಾಗಿ 150 ಕಿ.ಮೀ. ಮಿತಿ ಇದೆ. ಬೆಂಗಳೂರು ಸಿಟಿ ಸ್ಟೇಷನ್ನಿಂದ 142 ಕಿ.ಮೀ. ಇರುವ ತಿಪಟೂರು ಅದರ ಒಳಗೆ ಬರುತ್ತೆ, 166 ಕಿ.ಮೀ. ಇರುವ ಅರಸೀಕೆರೆ ಹೊರಗೆ ಉಳಿಯುತ್ತೆ. ತುಮಕೂರಿಗೆ ಓದೋಕೆ, ಕೆಲಸಕ್ಕೆ ಹೋಗೋರಿಗೆ ಈ ತಾಪತ್ರಯ ಇಲ್ಲ.

ಬೇಲೂರಿಗೆ ಹಳಿ ಬಂದರೆ

1996–97ರ ರೈಲ್ವೆ ಬಜೆಟ್‌ನಲ್ಲಿ ಕಡೂರು–ಚಿಕ್ಕಮಗಳೂರು–ಸಕಲೇಶಪುರ ಹೊಸ ಮಾರ್ಗಕ್ಕೆ ಒಪ್ಪಿಗೆ ಸಿಕ್ಕಿತ್ತು. ಅದರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರ ನವೆಂಬರ್‌ನಲ್ಲಿ, ಅಂದ್ರೆ ಹದಿನೇಳು ವರ್ಷದ ಮೇಲೆ. ಮುಂದಿನ ಭಾಗವನ್ನು ಆಮೇಲೆ ಬದಲಿಸಿ ಬೇಲೂರು ಮೇಲೆ ಹಾಸನಕ್ಕೆ ತಿರುಗಿಸಿದರು. ಈ ಹಳಿ ಪೂರ್ತಿಯಾದರೆ ಕಡೂರಿನಿಂದ ಚಿಕ್ಕಮಗಳೂರು, ಬೇಲೂರು ಮೇಲೆ ಹಾಸನಕ್ಕೆ ಅರಸೀಕೆರೆ ಮುಟ್ಟದೆ ಹೋಗುವ ದಾರಿ ಆಗುತ್ತೆ. ಆಗ ಹುಬ್ಬಳ್ಳಿ ಕಡೆಯ ಪ್ರವಾಸಿಗರೂ ಕಡೂರಲ್ಲೇ ತಿರುಗಬಹುದು. ಬೇಲೂರಿನ ಅಂಗಡಿಯವರು ನೂರು ವರ್ಷದಿಂದ ಕಾದಿದ್ದಾರೆ, ಅವರಿಗೆ ಬರಬೇಕಾದದ್ದೇ. ಹಳೇಬೀಡಿಗೆ ಮಾತ್ರ ಆಗಲೂ ಸ್ವಂತ ಸ್ಟೇಷನ್ ಇರೋದಿಲ್ಲ, 16 ಕಿ.ಮೀ. ದೂರದ ಬೇಲೂರು ಅದರ ಹೊಸ ಬಾಣಾವರ ಆಗುತ್ತೆ.

ಇತ್ತ 2023ರ ಆಗಸ್ಟ್ 6ರಂದು ಅಮೃತ್ ಭಾರತ್ ಯೋಜನೆಯಲ್ಲಿ ದೇಶದ 508 ನಿಲ್ದಾಣಗಳಿಗೆ ಪ್ರಧಾನಿ ಆನ್‌ಲೈನ್‌ನಲ್ಲಿ ಶಂಕುಸ್ಥಾಪನೆ ಮಾಡಿದರು. ಕರ್ನಾಟಕದ 13ರಲ್ಲಿ ಅರಸೀಕೆರೆಯೂ ಒಂದು. ಕಟ್ಟಡ ಚೆನ್ನಾಗಾಗೋದು ಸಂತೋಷವೇ. ಆದರೆ ಹುಬ್ಬಳ್ಳಿ ಗಾಡಿ ಇಳಿದ ಪ್ರವಾಸಿಗೆ ಸ್ಟೇಷನ್ ಬಾಗಿಲಲ್ಲಿ ಮೊದಲು ಬೇಕಾಗೋದು ಹಳೇಬೀಡು, ಬೇಲೂರು ಬಸ್ಸಿನ ಸಮಯ ಬರೆದ ಒಂದು ಬೋರ್ಡು, ಗಾಡಿ ಬರೋ ಹೊತ್ತಿಗೆ ಹೊಂದಿಕೊಂಡ ಒಂದೆರಡು ಬಸ್ಸು. ಬೇಲೂರಿನ ಹಳಿ ಮುಗಿಯೋವರೆಗೆ ಆ ವ್ಯಾಪಾರ ಅರಸೀಕೆರೆಯದ್ದೇ.